ನಾಲ್ಕು ಬೆರಳು ಕೆಳಗೆ

ಆ ಬಡಗಿ ಗಡಿಯಾರದ ಅಂಗಡಿಯೊಳಗೆ ಕಾಲಿಟ್ಟಾಗ ಅತ್ತಿಗೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಕೈಗಡಿಯಾರದ ಹೊಟ್ಟೆ ಬಿಚ್ಚಿ ಕೂತಿದ್ದರು. ಅವನು ಕೂರಲಿಲ್ಲ. ಕಂಕುಳಲ್ಲಿದ್ದ ಬಟ್ಟೆಚೀಲವನ್ನು ಮೇಜಿನ ಮೇಲಿಟ್ಟು, "ಅಕ್ಕಾ, ನನ್ನ ಹೆಸರು ಮಣ್ಣುಪಾಲಾಯ್ತು," ಎಂದ.

ನನ್ನ ಅತ್ತಿಗೆ ಗಡಿಯಾರ ರಿಪೇರಿ ಮಾಡುವವರು. ಆದರೆ ಅಂಗಡಿಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ಗಡಿಯಾರವನ್ನೇ ಕಟ್ಟಿರುವುದಿಲ್ಲ. ಕಳೆದುಹೋದ ಪತ್ರ, ಕಾಣೆಯಾದ ಬೆಕ್ಕು, ಯಾರು ಬರೆದರೆಂದು ಗೊತ್ತಾಗದ ದೂರು, ಇಂಥವನ್ನೇ ಹೊತ್ತು ತರುತ್ತಾರೆ. ಬಸ್ಸು ಓಡಿಸುವ ಕೆಲಸದಿಂದ ನಿವೃತ್ತನಾದ ಮೇಲೆ ನಾನು ಅಲ್ಲಿಯ ಮೂಲೆಯ ಸ್ಟೂಲಿನಲ್ಲಿ ಠಿಕಾಣಿ ಹೂಡಿದ್ದೆ. ಹೀಗಾಗಿ ಅವರ ಪತ್ತೇದಾರಿಕೆಗೆಲ್ಲ ನಾನೇ ಸಾಕ್ಷಿ.

"ಮೊದಲು ಉಸಿರು ತಗೋ. ಏನಾಯ್ತು?" ಎಂದರು ಅತ್ತಿಗೆ.

"ಡ್ಯಾನ್ಸ್ ಶಾಲೆಯಲ್ಲಿ ಬಾರ್ ಬಿತ್ತು."

"ಮಕ್ಕಳು ಬರೋ ಜಾಗದಲ್ಲಿ ಬಾರ್ ಯಾಕಪ್ಪಾ ಇಟ್ಟಿದ್ರು?" ಎಂದೆ ನಾನು. ಇಬ್ಬರೂ ನನ್ನನ್ನು ನೋಡಿದ ರೀತಿಗೆ ಬಾಯಿ ಮುಚ್ಚಿಕೊಂಡೆ.

ಅಂಚೆ ಕಚೇರಿಯ ಮೇಲಿನ ಮಹಡಿಯಲ್ಲಿ ಬ್ಯಾಲೆ ಕಲಿಸುವ ಶಾಲೆಯಿತ್ತು. ಹೊಸದಾಗಿ ಕಲಿಯುವವರು ಗೋಡೆಯುದ್ದಕ್ಕೂ ಸೊಂಟದೆತ್ತರದಲ್ಲಿರುವ ಮರದ ಕಂಬಿಯ ಮೇಲೆ ಕೈಯಿಟ್ಟು ಅಭ್ಯಾಸ ಮಾಡುತ್ತಾರೆ. ಆ ಕಂಬಿಗೇ ಬಾರ್ ಎನ್ನುತ್ತಾರಂತೆ. ಆರು ತಿಂಗಳ ಹಿಂದೆ ಅದನ್ನು ಕೂರಿಸಿದವನು ಇದೇ ಬಡಗಿ. ಮೊನ್ನೆ ಸೋಮವಾರ ಮಕ್ಕಳ ತರಗತಿ ನಡೆಯುತ್ತಿದ್ದಾಗ ಅದರ ಒಂದು ತುದಿ ಕಳಚಿ ಬಿತ್ತು. ಒಂಬತ್ತು ವರ್ಷದ ಹುಡುಗಿಯೊಬ್ಬಳ ಮಣಿಕಟ್ಟು ಉಳುಕಿತು. ಹುಡುಗಿಯ ಅಪ್ಪ ರಂಪ ಮಾಡಿದರು. "ಇನ್ನು ಈ ಮೆಟ್ಟಿಲು ಹತ್ತಬೇಡ," ಎಂದು ಟೀಚರು ಬಡಗಿಗೆ ಹೇಳಿಬಿಟ್ಟರು. ಸುದ್ದಿ ಹಬ್ಬಿತು. ಕಿಟಕಿಗಳ ಕೆಲಸ ಕೊಡುತ್ತೇವೆಂದಿದ್ದ ಪಕ್ಕದ ಶಾಲೆಯವರೂ ಬೇಡವೆಂದರು.

"ಇಪ್ಪತ್ತು ವರ್ಷದಲ್ಲಿ ನಾನು ಹಾಕಿದ್ದು ಒಂದೂ ಬಿದ್ದಿಲ್ಲ ಅಕ್ಕಾ," ಎನ್ನುತ್ತ ಅವನು ಚೀಲದ ಬಾಯಿ ಬಿಚ್ಚಿದ.

ಚೀಲದಲ್ಲಿದ್ದದ್ದು ಕಳಚಿಬಿದ್ದ ತುದಿಯಿಂದ ಅವನು ಅಂದೇ ಬಿಚ್ಚಿ ತಂದಿದ್ದ ಬ್ರಾಕೆಟ್ಟು. ಗೋಡೆಗೆ ಬಡಿಯುವ ಕಬ್ಬಿಣದ ಪಟ್ಟಿ, ಅದರ ಸೀಳಿನಲ್ಲಿ ಮೇಲೆ ಕೆಳಗೆ ಜಾರುವ ತೋಳು, ತೋಳನ್ನು ಬಿಗಿಹಿಡಿಯುವ ಒಂದು ಅಗಲ ತಲೆಯ ಸ್ಕ್ರೂ. ಬಾರಿನ ಎರಡೂ ತುದಿಗೆ ಇಂಥದೇ ಒಂದೊಂದು. ಎತ್ತರ ಹೊಂದಿಸಲು ಬರುವಂತೆ ಟೀಚರೇ ಹೇಳಿ ಮಾಡಿಸಿದ್ದರಂತೆ. ಒಮ್ಮೆ ಹೊಂದಿಸಿ ಬಿಗಿ ಮಾಡಿದ ಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲವಂತೆ.

ಅತ್ತಿಗೆ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ ನನಗೂ ತೋರಿಸಿದರು. ಸ್ಕ್ರೂವಿನ ತಲೆಯಲ್ಲಿ ಸ್ಕ್ರೂಡ್ರೈವರ್ ಕೂರುವ ಸೀಳಿನ ಅಂಚು ಇಲಿ ಕಡಿದಂತೆ ಹರಿದಿತ್ತು. ಅಲ್ಲಲ್ಲಿ ಹಳದಿ ಮಿಂಚು ಅಂಟಿತ್ತು. ಪಟ್ಟಿಯ ಮೇಲೆ, ತೋಳು ಇರಬೇಕಾದ ಜಾಗಕ್ಕಿಂತ ನಾಲ್ಕು ಬೆರಳು ಕೆಳಗೆ, ಒಂದರ ಮೇಲೊಂದು ಬಿದ್ದ ಹೊಸ ಗೀರುಗಳು.

"ನಿನ್ನ ಸ್ಕ್ರೂಡ್ರೈವರ್ ಯಾವುದರದ್ದು?"

"ಉಕ್ಕಿಂದು. ಇನ್ಯಾವುದರದ್ದು ಇರುತ್ತೆ?"

"ಆ ಹಾಲಿನ ಕೀಲಿ ಯಾರ್ಯಾರ ಹತ್ರ ಇದೆ?"

"ಮೂರು ಜನರ ಹತ್ರ. ಟೀಚರು, ಪಿಯಾನೋ ನುಡಿಸೋ ತಾತ, ಭಾನುವಾರ ಅಲ್ಲಿ ತರಗತಿ ನಡೆಸೋ ಕರಾಟೆ ಮೇಷ್ಟ್ರು. ನನಗೆ ಕೊಟ್ಟಿದ್ದನ್ನ ಕೆಲಸ ಮುಗಿದ ದಿನವೇ ವಾಪಸ್ ಕೊಟ್ಟೆ."

ಅತ್ತಿಗೆ ನನ್ನ ಕಡೆ ತಿರುಗಿದರು. "ನೀನು ನಾಳೆ ಸಂಜೆ ಡ್ಯಾನ್ಸಿಗೆ ಸೇರ್ಕೋ."

"ನಾನಾ? ಈ ಹೊಟ್ಟೆ ಇಟ್ಕೊಂಡಾ?"

"ದೊಡ್ಡವರಿಗೂ ಕಲಿಸ್ತಾರಂತೆ. ಕಣ್ಣು ಕಿವಿ ತೆರೆದಿಟ್ಕೊಂಡು ಬಾ, ಸಾಕು."

ಹೀಗೆ ಅರವತ್ತೊಂದನೆಯ ವಯಸ್ಸಿನಲ್ಲಿ ನಾನು ಬ್ಯಾಲೆ ವಿದ್ಯಾರ್ಥಿಯಾದೆ. ತರಗತಿಯಲ್ಲಿ ಔಷಧಿ ಅಂಗಡಿಯವರು, ಹಲ್ಲಿನ ಡಾಕ್ಟರಮ್ಮ ಮತ್ತು ನಾನು. ಟೀಚರು ಬಾಗಿಲ ಚೌಕಟ್ಟು ಮುಟ್ಟುವಷ್ಟು ಎತ್ತರದ ಹೆಂಗಸು. ಬಾಗಿಲ ಬಳಿಯ ತಟ್ಟೆಯಲ್ಲಿದ್ದ ರಾಳದ ಪುಡಿಯನ್ನು ಮೊದಲು ತುಳಿಯಬೇಕು. ಅದು ತೆಳು ಹಳದಿ, ಅಂಗಾಲಿಗೆ ಅಂಟಿದರೆ ನೆಲ ಜಾರುವುದಿಲ್ಲ. ಬಾರ್ ಇಲ್ಲದ್ದರಿಂದ ಅಂದು ಕುರ್ಚಿಯ ಬೆನ್ನೇ ಗತಿ.

"ಹಿಮ್ಮಡಿ ಎರಡೂ ಸೇರ್ಲಿ. ಬೆರಳುಗಳು ಹೊರಗೆ. ಪಾದ ಮಾತ್ರ ತಿರುಗಿಸಬೇಡಿ, ತೊಡೆಯಿಂದಲೇ ತಿರುಗಬೇಕು. ಕುರ್ಚಿ ಹಿಂಡಬೇಡಿ ಸಾರ್, ಅದು ಬಸ್ಸಿನ ಸ್ಟೇರಿಂಗ್ ಅಲ್ಲ! ಕೈ ಸುಮ್ಮನೆ ಇಡಿ. ಈಗ ಪ್ಲಿಯೇ. ಮಂಡಿ ಬಗ್ಗಿಸಿ, ಕಾಲ್ಬೆರಳಿನ ನೇರಕ್ಕೇ ಹೋಗ್ಲಿ. ಬೆನ್ನು ನೆಟ್ಟಗೆ. ಇಳಿಯೋಕೆ ಎಷ್ಟು ಹೊತ್ತೋ, ಏಳೋಕೂ ಅಷ್ಟೇ ಹೊತ್ತು."

ನನ್ನ ಮಂಡಿಗಳು ಹಳೆಯ ಬಾಗಿಲಿನಂತೆ ಸದ್ದು ಮಾಡಿದವು. ಆದರೆ ಒಂದು ವಿಚಿತ್ರವಾಯಿತು. ಪಿಯಾನೋದ ನಾದ ನನ್ನನ್ನು ಕೈಹಿಡಿದು ಇಳಿಸಿದಂತೆ ಇಳಿಸಿತು. ತಳ ಮುಟ್ಟಿದಾಗ ಒಂದು ಗಳಿಗೆ ಕಾಯಿತು. ಆಮೇಲೆ ಮೆಲ್ಲಗೆ ಎತ್ತಿತು.

"ತಾತನ ಕೈ ಒಂದು ತಿಂಗಳಿಂದ ಎಷ್ಟು ಹದವಾಗಿದೆ ನೋಡಿ," ಎಂದರು ಟೀಚರು. "ಮೊದಲೆಲ್ಲ ರೈಲು ಓಡಿಸಿದ ಹಾಗೆ ಓಡಿಸ್ತಿದ್ರು. ದಿನಾ ಜಗಳ."

ಪಿಯಾನೋ ಹಿಂದೆ ಕಾಣುತ್ತಿದ್ದದ್ದು ಬರೀ ಬೋಳುತಲೆ. ಎಲ್ಲರಿಗಿಂತ ಮೊದಲು ಬಂದು, ಎಲ್ಲರೂ ಹೋದ ಮೇಲೆ ಏಳುವುದು ಅವರ ರೂಢಿಯಂತೆ. ಬೆವರೊರೆಸುವಾಗ ನನ್ನ ಕರವಸ್ತ್ರ ಅವರ ಸ್ಟೂಲಿನ ಹತ್ತಿರ ಬಿತ್ತು. ಎತ್ತಿಕೊಳ್ಳಲು ಬಗ್ಗಿದೆ. ಕಾಲು ನೆಲಕ್ಕೆ ಎಟುಕದ್ದರಿಂದ ಅವರು ಒಂದು ಮರದ ಹಲಗೆ ಇಟ್ಟುಕೊಂಡಿದ್ದರು. ಪಿಯಾನೋದ ಪೆಡಲುಗಳ ಮೇಲೆ ತೆಳು ಹಳದಿ ಪುಡಿ ಕೂತಿತ್ತು.

ಕೆಳಗಿಳಿಯುವಾಗ ಮೆಟ್ಟಿಲಲ್ಲಿ ಕರಾಟೆ ಮೇಷ್ಟ್ರು ಸಿಕ್ಕರು. ಆರಡಿಯ ಆಳು. "ಆ ಕಂಬಿ ಬಿದ್ದಿದ್ದೇ ಒಳ್ಳೇದಾಯ್ತು. ನಮ್ಮ ಮಕ್ಕಳಿಗೆ ಕಾಲು ಬೀಸೋಕೆ ಜಾಗವೇ ಇರ್ಲಿಲ್ಲ," ಎಂದರು. ನನ್ನ ಕಿವಿ ನಿಮಿರಿತು. ಭಾನುವಾರದ ಬಗ್ಗೆ ಕೇಳಿದೆ. "ಅರ್ಧ ಗಂಟೆ ಮುಂಚೆ ಬಂದೆ. ಬಾಗಿಲು ಆಗಲೇ ತೆಗೆದಿತ್ತು. ಪಿಯಾನೋ ತಾತ ಆ ಕಂಬಿ ಇದ್ದ ಕಿಟಕಿ ಗೋಡೆ ಹತ್ರ ಕನ್ನಡಕ ಹುಡುಕ್ತಾ ಇದ್ರು. ಮುಖದ ತುಂಬ ಬೆವರು. ನಾನೂ ಹುಡುಕ್ತೀನಿ ಅಂದೆ. ಸಿಕ್ಕಿತು ಅಂತ ಹೇಳಿ ಹೊರಟೇಬಿಟ್ರು."

ಮರುದಿನ ಬೆಳಗ್ಗೆ ಎರಡೂ ಮಂಡಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ಎಲ್ಲ ವರದಿ ಒಪ್ಪಿಸಿದೆ. "ಕರಾಟೆ ಮೇಷ್ಟ್ರದ್ದೇ ಕೆಲಸ ಅತ್ತಿಗೆ. ಬಾಯಿಬಿಟ್ಟು ಹೇಳಿದ್ದಾರೆ."

"ಬೇಡವಾದವರು ಬಾರನ್ನ ಕಿತ್ತು ಬಿಸಾಡ್ತಾರೆ. ನಾಲ್ಕು ಬೆರಳು ಇಳಿಸಿ, ಮತ್ತೆ ಏರಿಸಿ, ಅದೇ ಕೆಲಸ ಹತ್ತಾರು ಸಲ ಮಾಡ್ತಾರಾ?" ಎಂದು ಅತ್ತಿಗೆ ನಕ್ಕರು. "ನಿನ್ನ ಮಂಡಿನೇ ನನಗೆ ಉತ್ತರ ಹೇಳಿದೆ. ಶನಿವಾರ ಎಲ್ಲರನ್ನೂ ಹಾಲಿಗೆ ಕರೆಸು."

ಶನಿವಾರ ಮಧ್ಯಾಹ್ನ ಹಾಲಿನ ತುಂಬ ಬಿಸಿಲಿತ್ತು. ಟೀಚರು, ಪಿಯಾನೋ ತಾತ, ಕರಾಟೆ ಮೇಷ್ಟ್ರು, ಕೈಗೆ ಪಟ್ಟಿ ಕಟ್ಟಿದ್ದ ಹುಡುಗಿ, ಅವಳ ಅಪ್ಪ, ಎಲ್ಲರೂ ಬಂದಿದ್ದರು. ಬಡಗಿ ಬಾಗಿಲ ಹೊರಗೇ ನಿಂತಿದ್ದ. ಅತ್ತಿಗೆ ಅವನನ್ನು ತೋಳು ಹಿಡಿದು ಒಳಗೆ ಕರೆತಂದರು.

"ಮೂರೂ ಕೀಲಿ ಇಲ್ಲಿಡಿ," ಎಂದರು.

ಪಿಯಾನೋ ಮುಚ್ಚಳದ ಮೇಲೆ ಮೂರು ಹಿತ್ತಾಳೆಯ ಕೀಲಿಗಳು ಸಾಲಾಗಿ ಕೂತವು. ಎರಡರ ಚಪ್ಪಟೆ ತಲೆ ನುಣ್ಣಗಿತ್ತು. ಮೂರನೆಯದರ ಅಂಚು ಒಂದು ಕಡೆ ಸವೆದು ಕಚ್ಚುಕಚ್ಚಾಗಿತ್ತು.

"ಈ ಸ್ಕ್ರೂವನ್ನ ಬಡಗಿ ಉಕ್ಕಿನ ಸ್ಕ್ರೂಡ್ರೈವರಲ್ಲಿ ಒಂದೇ ಸಲ ಬಿಗಿ ಮಾಡಿದ. ಆಮೇಲೆ ಬೇರೆ ಯಾರೋ ಹಿತ್ತಾಳೆಯ ಕೀಲಿಯ ತಲೆಯಿಂದ ಮತ್ತೆ ಮತ್ತೆ ತಿರುಗಿಸಿದ್ದಾರೆ. ಸ್ಕ್ರೂ ತಲೆಯ ಸೀಳು ಹರಿದಿದೆ, ಹಿತ್ತಾಳೆ ಅಂಟಿದೆ. ಬಡಗಿ ಹತ್ರ ಕೀಲಿಯೇ ಇರ್ಲಿಲ್ಲ. ಸರಿ, ಯಾಕೆ ತಿರುಗಿಸಿದ್ರು? ಕೆಳಗಿನ ಗೀರುಗಳು ಅದನ್ನ ಹೇಳ್ತವೆ. ಬಾರ್ ಎಟುಕದ ಯಾರೋ ಅದನ್ನ ತಮ್ಮ ಎತ್ತರಕ್ಕೆ ಇಳಿಸ್ಕೋತಿದ್ರು, ಕೆಲಸ ಮುಗಿದ ಮೇಲೆ ಏರಿಸ್ತಿದ್ರು. ಟೀಚರು ಎತ್ತರ, ಮೇಷ್ಟ್ರು ಎತ್ತರ. ಕೂತವರ ಎತ್ತರವನ್ನ ಯಾರೂ ಗಮನಿಸಲ್ಲ. ಆದ್ರೆ ಪಿಯಾನೋ ಕೆಳಗೆ ಕಾಲಿಗೆ ಹಲಗೆ ಇದೆ."

ಅತ್ತಿಗೆ ಬಗ್ಗಿ ಪೆಡಲುಗಳ ಕಡೆ ಬೆರಳು ತೋರಿಸಿದರು.

"ಕೂತು ನುಡಿಸೋರಿಗೆ ರಾಳದ ಪುಡಿ ಯಾಕೆ ಬೇಕು? ಪೆಡಲಿನ ಮೇಲೆ ಅದು ಹೇಗೆ ಬಂತು? ಭಾನುವಾರ ಹಾಗೆ ಬೆವರೋಕೆ ಏನು ಕಾರಣ? ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಮೈದುನ ಒಂದು ಮಾತು ಹೇಳಿದ. ತಳದಲ್ಲಿ ಪಿಯಾನೋ ಒಂದು ಗಳಿಗೆ ಕಾಯ್ತು ಅಂತ. ಅಲ್ಲಿ ಕಾಯ್ಬೇಕು ಅಂತ ಬೆರಳಿಗೆ ಗೊತ್ತಾಗಲ್ಲ, ಮಂಡಿಗೆ ಮಾತ್ರ ಗೊತ್ತಾಗುತ್ತೆ. ಭಾನುವಾರ ಮೇಷ್ಟ್ರ ಹೆಜ್ಜೆ ಸದ್ದು ಕೇಳಿದಾಗ ಬಾರ್ ಏರಿಸಿ ಒಂದು ಸ್ಕ್ರೂ ಬಿಗಿ ಮಾಡಿ ಆಗಿತ್ತು. ಇನ್ನೊಂದು ಅರ್ಧಕ್ಕೇ ನಿಂತಿತು. ಅಲ್ವಾ ತಾತ?"

ತಾತ ಸ್ಟೂಲಿನಿಂದ ಇಳಿದರು. ಅವರು ನಿಂತದ್ದನ್ನು ನಾನು ಮೊದಲ ಸಲ ನೋಡಿದೆ. ಕರಾಟೆ ಮೇಷ್ಟ್ರ ಎದೆಗೂ ಬರುತ್ತಿರಲಿಲ್ಲ.

"ನಲವತ್ತು ವರ್ಷ ಡ್ಯಾನ್ಸಿಗೆ ನುಡಿಸಿದ್ದೀನಿ," ಎಂದರು. "ಒಂದಿನ ಟೀಚರು ಮಕ್ಕಳ ಮುಂದೆ ಹೇಳಿದ್ರು, ನಿಮಗೆ ಮಂಡಿ ಅನ್ನೋದು ಇದ್ದಿದ್ರೆ ಗೊತ್ತಾಗ್ತಿತ್ತು ಅಂತ. ಮನೆಗೆ ಹೋಗಿ ಯೋಚಿಸ್ದೆ. ನಿಜವೇ ಅಲ್ವಾ ಅನ್ನಿಸ್ತು. ಯಾರಿಗೂ ಕಾಣದ ಹಾಗೆ ಕಲಿಯೋಣ ಅಂತ ಶುರು ಮಾಡ್ದೆ. ಆಮೇಲೆ ಬಿಡೋಕೇ ಆಗ್ಲಿಲ್ಲ." ಹುಡುಗಿಯ ಕಡೆ ತಿರುಗಿದರು. "ಮಗೂ, ನಿನ್ನ ಕೈ ನೋವಿಗೆ ನಾನೇ ಕಾರಣ. ಅಪವಾದ ಈ ಬಡಗಿ ಮೇಲೆ ಬಂದಾಗಲೂ ನಾಚಿಕೆಗೆ ಬಾಯಿ ಬಿಡಲಿಲ್ಲ. ಅದು ಇನ್ನೂ ದೊಡ್ಡ ತಪ್ಪು."

ಹುಡುಗಿಯ ಅಪ್ಪ ಏನೋ ಗದರಲು ಬಾಯಿ ತೆರೆದರು. ಅಷ್ಟರಲ್ಲಿ ಹುಡುಗಿ, "ತಾತ, ನಿಮಗೆ ಪ್ಲಿಯೇ ಬರುತ್ತಾ?" ಎಂದು ಕೇಳಿಬಿಟ್ಟಳು. ಅಪ್ಪನ ಸಿಟ್ಟು ಬಾಯಲ್ಲೇ ಉಳಿಯಿತು.

ಟೀಚರು ಮೊದಲು ಬಡಗಿಯ ಮುಂದೆ ಕೈಮುಗಿದು ನಿಂತರು. "ತಪ್ಪಾಯ್ತು ಅಣ್ಣಾ. ಇವತ್ತೇ ಪಕ್ಕದ ಶಾಲೆಗೆ ಹೋಗಿ ನಾನೇ ಹೇಳ್ತೀನಿ."

"ನಾನೂ ಬರ್ತೀನಿ," ಎಂದರು ತಾತ. "ಮಾಡಿದ್ದು ನಾನು."

ಬಡಗಿ ಕೂಡಲೇ ಕರಗಲಿಲ್ಲ. ಗೋಡೆಯ ಹತ್ತಿರ ಹೋಗಿ ತಾನೇ ಕೊರೆದಿದ್ದ ತೂತುಗಳನ್ನು ಬೆರಳಿನಿಂದ ಸವರಿ ನೋಡಿದ. ಕೊನೆಗೆ, "ನನ್ನ ಹತ್ರ ಒಂದು ಮಾತು ಹೇಳಿದ್ರೆ ನಿಮ್ಮ ಎತ್ತರಕ್ಕೆ ಬೇರೆಯದೇ ಹಾಕಿಕೊಡ್ತಿದ್ದೆ ಯಜಮಾನ್ರೇ," ಎಂದ. ಅಷ್ಟು ಹೇಳಿದ್ದೇ ತಡ, ಅವನ ಮುಖದ ಗಂಟು ಸಡಿಲಿತು.

ಟೀಚರು ತಾತನ ಹತ್ತಿರ ಬಂದರು. ಬೈಯುತ್ತಾರೆಂದು ನಾವೆಲ್ಲ ಕಾದೆವು. ಅವರು ತಾತನ ಪಾದಗಳನ್ನೇ ನೋಡಿ, "ಒಬ್ಬರೇ ಕಲಿತಿದ್ದಕ್ಕೆ ಹಿಮ್ಮಡಿ ಹೀಗಾಗಿದೆ. ಸೇರಿಸಿ ನೋಡೋಣ," ಎಂದರು.

ಬಡಗಿ ಚೀಲದಿಂದ ಬ್ರಾಕೆಟ್ಟು ತೆಗೆದ. ಗೋಡೆಗೆ ಕೂರಿಸಿದ. ಹೊಸ ಸ್ಕ್ರೂ ಹಾಕಿ, ಬಾರನ್ನು ನಾಲ್ಕು ಬೆರಳು ಇಳಿಸಿ, ಎರಡೂ ತುದಿ ಬಿಗಿ ಮಾಡಿದ. ಕಾಲು ಮಡಚಿ ತನ್ನ ಪೂರ್ತಿ ಭಾರವನ್ನು ಅದಕ್ಕೆ ನೇತುಹಾಕಿ ಎರಡು ಸಲ ಜಗ್ಗಿದ. ಅದು ಮಿಸುಕಲಿಲ್ಲ. ಎದ್ದು ಅಂಗೈ ಒರೆಸಿಕೊಂಡು ಪಕ್ಕಕ್ಕೆ ಸರಿದು ನಿಂತ.

"ಬನ್ನಿ ಯಜಮಾನ್ರೇ," ಎಂದ. "ಈಗ ಕೈ ಇಡಿ."