ಇಳಿತಕ್ಕೆ ಇನ್ನೂ ಒಂದು ಗಂಟೆ

“ಸೂಪು ತಣ್ಣಗಿದೆ,” ಎಂದಳು ಹಿಲ್ಡಾ.

ಸೂಪು ತಣ್ಣಗಿರಲಿಲ್ಲ. ಅದರ ಹಬೆ ಅವಳ ಕನ್ನಡಕದ ಮೇಲೆ ಮಂಜಿನಂತೆ ಕೂತಿತ್ತು. ಆದರೂ ಹೋಟೆಲಿನ ಒಡೆಯ ನಾರ್ಮನ್ ಲಾರ್ಟರ್ ಬಟ್ಟಲನ್ನು ಎತ್ತಿಕೊಂಡ. ಎತ್ತುವಾಗ ಒಂದೇ ಒಂದು ಸಲ ಅವಳನ್ನು ನೋಡಿದ. ಅವನ ಕಣ್ಣು ಆ ಮಸುಕಾದ ಕನ್ನಡಕದ ಮೇಲೆ ಅರೆಗಳಿಗೆ ನಿಂತು, ಬೇಕೆಂದೇ, ನಿಧಾನವಾಗಿ, ಸೂಪಿನ ಹಬೆಯ ಕಡೆಗೆ ಹೊರಳಿತು.

“ಕ್ಷಮಿಸಿ, ಮಿಸ್ ಗ್ರೀವ್ಸ್. ಬಿಸಿ ಮಾಡಿ ತರ್ತೀನಿ.”

ಆ ಸೌಜನ್ಯ ಅವಳ ಮೈ ಉರಿಸಿತು. ಅವನು ಜಗಳಕ್ಕಾದರೂ ಬಂದಿದ್ದರೆ ಅವಳು ಅರ್ಧ ಕ್ಷಮಿಸಿಬಿಡುತ್ತಿದ್ದಳೇನೋ.

“ಲೆಸ್ಟರ್‌ನಲ್ಲಿ ರೈಲು ಹತ್ತಿದಾಗಿನಿಂದ ನಿನ್ನ ಮೂಗಿನ ತುದೀಲಿ ಏನೋ ಕೂತಿದೆ ಕಣೇ,” ಎಂದಳು ತಾಯಿ, ತನ್ನ ಸೂಪು ಹೀರುತ್ತ. “ನನ್ನದಂತೂ ನಾಲಿಗೆ ಸುಡ್ತಿದೆ.”

ಮಿಸೆಸ್ ಗ್ರೀವ್ಸ್ ನಲವತ್ತು ವರ್ಷ ಕಾಲ್ಚೀಲದ ಮಿಲ್ಲಿನಲ್ಲಿ ದುಡಿದವಳು. ಜುಲೈಯಲ್ಲಿ ಮಿಲ್ಲು ವರ್ಷದ ರಜೆಗೆ ಮುಚ್ಚಿದ ಮೊದಲ ಶನಿವಾರ ಮಗಳನ್ನು ಕರೆದುಕೊಂಡು ಒಂದು ವಾರಕ್ಕೆ ಸಮುದ್ರದಂಡೆಯ ಕ್ರೋಮರ್‌ಗೆ ಬರುವುದು ಹನ್ನೊಂದು ವರ್ಷದ ಪದ್ಧತಿ. ಮಿಲ್ಲಿನ ಕೆಲಸ ಬಿಟ್ಟ ಮೇಲೂ ಪದ್ಧತಿ ಬಿಟ್ಟಿರಲಿಲ್ಲ. ಅದೇ ಸ್ಯಾಂಡ್‌ಪೈಪರ್ ಹೋಟೆಲು, ಎರಡನೇ ಮಹಡಿಯ ಅದೇ ಕೋಣೆ, ಸಮುದ್ರ ಕಾಣುವ ಕಿಟಕಿಯ ಪಕ್ಕದ ಅದೇ ನಾಲ್ಕನೇ ನಂಬರಿನ ಮೇಜು. ಹಳಬರೆಲ್ಲ ಕೊನೆಯ ರಾತ್ರಿ, ಶುಕ್ರವಾರ ಊಟವಾದ ಮೇಲೆ, ಹಜಾರದ ದಪ್ಪ ಪುಸ್ತಕದಲ್ಲಿ ಮುಂದಿನ ವರ್ಷಕ್ಕೆ ಹೆಸರು ಬರೆದು ಹೋಗಬೇಕು. ಬರೆಯದಿದ್ದರೆ ಮೇಜು ಬೇರೆಯವರ ಪಾಲು. ಡರ್ಬಿಯ ಒಂದು ಸಂಸಾರ ಆ ಕಿಟಕಿಯ ಮೇಲೆ ಆರು ವರ್ಷದಿಂದ ಕಣ್ಣಿಟ್ಟಿತ್ತು.

ಈ ಶುಕ್ರವಾರ ಬರೆಯಬಾರದೆಂದು ಹಿಲ್ಡಾ ನಿರ್ಧರಿಸಿಕೊಂಡೇ ಬಂದಿದ್ದಳು. ತಾಯಿಗೆ ಇನ್ನೂ ಹೇಳಿರಲಿಲ್ಲ.

ಕಾರಣ ಹೋದ ವರ್ಷದ ಶುಕ್ರವಾರ. ಪುಸ್ತಕದಲ್ಲಿ ಹೆಸರು ಬರೆದಾಗಿತ್ತು. ಕಾಫಿ ಸುರಿಯುತ್ತ ನಾರ್ಮನ್ ಬಾಗಿ, ತಾಯಿಗೆ ಕೇಳದಷ್ಟು ಮೆಲ್ಲಗೆ, ನಾಳೆ ಬೆಳಿಗ್ಗೆ ಸಮುದ್ರದ ಇಳಿತದ ಹೊತ್ತಿಗೆ, ದಂಡೆಯಿಂದ ನೀರಿನೊಳಕ್ಕೆ ಚಾಚಿದ ಮರದ ಅಲೆತಡೆಯ ಕಡೆಯ ಕಂಬದ ಹತ್ತಿರ ಬರುತ್ತೀರಾ, ಒಂದು ಮಾತು ಕೇಳುವುದಿದೆ, ಎಂದಿದ್ದ. ಹತ್ತು ವರ್ಷ ಆ ಮನುಷ್ಯ ಅವಳೊಡನೆ ಮೀನು, ಹವಾಮಾನ, ಚರ್ಚಿನ ಗೋಪುರ ಇಷ್ಟರ ಬಗ್ಗೆಯೇ ಮಾತಾಡಿದ್ದ. ಆದರೆ ಆಡದೆ ಉಳಿಸಿಕೊಂಡದ್ದನ್ನೆಲ್ಲ ಅವಳ ಟೋಸ್ಟಿನ ಮೇಲೆ ತೋರಿಸುತ್ತಿದ್ದ: ಒಂದು ಕಡೆ ಮಾತ್ರ ಕೆಂಪಗೆ, ಇನ್ನೊಂದು ಕಡೆ ಬೆಳ್ಳಗೆ, ಅವಳೊಬ್ಬಳೇ ಹಾಗೆ ತಿನ್ನುತ್ತಾಳೆಂದು ಎಂದೋ ಗಮನಿಸಿ ಇಟ್ಟುಕೊಂಡಿದ್ದ.

ಅವಳು ಹಜಾರದ ಗೋಡೆಗೆ ತೂಗುಹಾಕಿದ್ದ ಉಬ್ಬರವಿಳಿತದ ಅಚ್ಚಿನ ಪಟ್ಟಿಯನ್ನು ನೋಡಿದ್ದಳು. ಇಳಿತ ಒಂಬತ್ತು ಹತ್ತಕ್ಕೆ. ಒಂಬತ್ತು ಐದಕ್ಕೇ ಹೋಗಿ ನಿಂತಿದ್ದಳು, ಹೊಸ ನೀಲಿ ಕೋಟು ತೊಟ್ಟು. ಒಂಬತ್ತು ನಲವತ್ತಾದರೂ ಅವನ ಸುಳಿವಿರಲಿಲ್ಲ. ಮೇಲಕ್ಕೆ ಓಡಿಹೋಗಿ, ಹನ್ನೆರಡರ ರೈಲಿಗೆಂದು ಸಾವಕಾಶವಾಗಿ ಪೆಟ್ಟಿಗೆ ಕಟ್ಟುತ್ತಿದ್ದ ತಾಯಿಯನ್ನು ಹೊರಡಿಸಿಕೊಂಡು ಹತ್ತು ಇಪ್ಪತ್ತರ ರೈಲು ಹತ್ತಿದ್ದಳು. ಮೂವತ್ತಾರು ವರ್ಷದ ಮೇಡಂ, ಹೆಣ್ಣುಮಕ್ಕಳ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವವಳು, ಒಂದು ಕಂಬದ ಜೊತೆ ಮೂವತ್ತೈದು ನಿಮಿಷ ನಿಂತು ಬಂದಿದ್ದಳು.

ಒಂದು ವರ್ಷವಾದರೂ ಆ ಸಿಟ್ಟಿನ ಒಂದು ತೊಟ್ಟೂ ಆವಿಯಾಗಿರಲಿಲ್ಲ.

ಭಾನುವಾರ ಟೋಸ್ಟು ಎರಡೂ ಕಡೆ ಕರಕಲಾಗಿ ಬಂತು. ಅವಳು ಅದನ್ನು ಹಾಗೇ ವಾಪಸು ಕಳಿಸಿದಳು. ಸೋಮವಾರ ಏಡಿ ಬಡಿಸುವಾಗ ತಾಯಿಯ ತಟ್ಟೆಗೆ ಅಂಗೈಯಷ್ಟು ದೊಡ್ಡದು ಬಿತ್ತು. ಅವಳ ತಟ್ಟೆಗೆ ಬಿದ್ದದ್ದರಲ್ಲಿ ತಿನ್ನುವುದಕ್ಕಿಂತ ಒಡೆಯುವುದೇ ಹೆಚ್ಚಿತ್ತು. ಇದು ಏಡಿಯೋ ಅದರ ಮೊಮ್ಮಗುವೋ ಎಂದು ಕೇಳಿದಳು. ನಮ್ಮೂರ ಏಡಿಗಳಿಗೆ ಯಾರು ನಿಲ್ಲುತ್ತಾರೆ, ಯಾರು ಓಡುತ್ತಾರೆ ಅಂತ ಗೊತ್ತಾಗುತ್ತದೆ, ಹಾಗೇ ತಟ್ಟೆ ಆರಿಸಿಕೊಳ್ಳುತ್ತವೆ, ಎಂದು ಅವನು ತಾಯಿಯ ಕಡೆ ನೋಡುತ್ತ ಹೇಳಿದ. ಹಿಲ್ಡಾ ತಲೆ ಎತ್ತಿದಳು. ಅವನ ಕಿವಿ ಕೆಂಪಾಗಿತ್ತು. ಇವನಿಗೇಕೆ ಸಿಟ್ಟು? ತಪ್ಪು ಮಾಡಿದವನು ಇವನು, ಮುಖ ಊದಿಸಿಕೊಂಡು ತಿರುಗುತ್ತಿರುವವನೂ ಇವನೇ. ಇದಕ್ಕಿಂತ ದೊಡ್ಡ ಉದ್ಧಟತನ ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲೇ ಇರಲಾರದು ಎನಿಸಿತು.

ಆದರೂ ಅವನು ಮೇಜಿನಿಂದ ಮೇಜಿಗೆ ಹೋಗುವಾಗ ಅವಳ ಕಣ್ಣು ಹಿಂದೆಯೇ ಹೋಗುತ್ತಿತ್ತು. ಹೋದದ್ದಕ್ಕೆ ಅವಳಿಗೆ ಕಣ್ಣಿನ ಮೇಲೂ ಕೋಪ ಬಂತು.

ಬುಧವಾರ ತಾಯಿಗೆ ಹೋಟೆಲು ನಿಂತ ಬಂಡೆಯ ಕೆಳಗಿನ ಮರಳಿನಲ್ಲೇ ಪಕ್ಕದ ಊರಿನತನಕ ನಡೆಯಬೇಕೆನಿಸಿತು. ಹಿಲ್ಡಾ ಪಟ್ಟಿ ನೋಡಿದಳು. ಇಳಿತ ಒಂಬತ್ತು ಐವತ್ತೈದಕ್ಕೆ. ಒಂಬತ್ತೂಕಾಲಿಗೆ ಹೊರಟರೆ ಅಲೆತಡೆಗಳ ತುದಿ ಒಣಗಿರಬೇಕು, ಸುತ್ತಿಕೊಂಡು ಹೋಗಬಹುದು. ಒಣಗಿರಲಿಲ್ಲ. ಎರಡನೆಯ ತಡೆಯ ತುದಿಯಲ್ಲಿ ಬೂದುಬಣ್ಣದ ಅಲೆಯೊಂದು ನುಗ್ಗಿ ತಾಯಿಯ ಹೊಸ ಬೂಟುಗಳನ್ನು ತುಂಬಿತು.

ತಾಯಿಯನ್ನು ದಂಡೆಯ ಮೇಲಿನ ಬೆಂಚಿನಲ್ಲಿ ಕೂರಿಸಿ, ಬೂಟು ಬೋರಲು ಹಾಕಿ, ಫ್ಲಾಸ್ಕಿನ ಚಹಾ ಕೈಗೆ ಕೊಟ್ಟು ಹಿಲ್ಡಾ ನೀರಿನಂಚಿಗೆ ಮರಳಿದಳು. ಸಿಟ್ಟು ಬಂದರೆ ಅಳತೆ ಮಾಡುವುದು ಅವಳ ಸ್ವಭಾವ. ಗಡಿಯಾರ ಹಿಡಿದು, ನೀರು ಇಳಿದಂತೆಲ್ಲ ಅಂಚಿಗೊಂದು ಕಲ್ಲಿಡುತ್ತ ನಿಂತಳು. ನೀರು ಕೊನೆಯ ಕಲ್ಲಿನ ಹತ್ತಿರ ತಡೆದು ಹಿಂದಿರುಗಿದಾಗ ಗಂಟೆ ಹತ್ತು ಐವತ್ತೈದು.

ಬಂಡೆಯ ದಾರಿಯನ್ನು ಅವಳು ಒಂದೇ ಉಸಿರಿಗೆ ಹತ್ತಿದಳು. ನಾರ್ಮನ್ ಹಜಾರದಲ್ಲಿ ಊಟಕ್ಕೆ ಹೊಡೆಯುವ ಹಿತ್ತಾಳೆ ಜಾಗಟೆಯನ್ನು ಉಜ್ಜುತ್ತಿದ್ದ.

“ನಿಮ್ಮ ಪಟ್ಟಿ ತಪ್ಪು, ಮಿಸ್ಟರ್ ಲಾರ್ಟರ್. ಸರಿಯಾಗಿ ಒಂದು ಗಂಟೆ ತಪ್ಪು. ನಾನೇ ನಿಂತು ಅಳೆದು ಬಂದಿದೀನಿ. ಇಂಥ ಕಾಗದ ಗೋಡೆಗೆ ತೂಗುಹಾಕಿ ಜನರ ಪ್ರಾಣದ ಜೊತೆ ಆಟ ಆಡ್ತಿದೀರಿ.”

ಅವನು ಬಟ್ಟೆಯನ್ನು ಕೆಳಗಿಟ್ಟ. ಪಟ್ಟಿಯ ಹತ್ತಿರ ನಡೆದು, ಅದರ ಬುಡದಲ್ಲಿ ಬೆರಳಿಟ್ಟ. ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಹೊತ್ತುಗಳೆಲ್ಲ ಗ್ರೀನಿಚ್ ಗಡಿಯಾರದವು. ಬೇಸಿಗೆಯಲ್ಲಿ ಒಂದು ಗಂಟೆ ಕೂಡಿಸಿಕೊಳ್ಳತಕ್ಕದ್ದು.

ಪ್ರತಿ ವಸಂತದಂತೆ ದೇಶವೆಲ್ಲ ಬೇಸಿಗೆಯ ಬೆಳಕಿಗಾಗಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಂಡಿತ್ತು. ಇಳಿತ ನಡೆಸುವ ಚಂದ್ರ ತಿರುಗಿಸಿಕೊಂಡಿರಲಿಲ್ಲ.

“ಊರಲ್ಲಿ ಎಲ್ರಿಗೂ ಗೊತ್ತಿರೋದು,” ಎಂದ.

“ನಾನು ಊರಿನವಳಲ್ಲ.”

“ಹನ್ನೊಂದು ವರ್ಷದಿಂದ ಬರ್ತಿದೀರಿ.”

“ಒಂಬತ್ತು ವರ್ಷ ನಿಮ್ಮಪ್ಪ ಇಲ್ಲೇ ಹಲಗೆ ಮೇಲೆ ಇಳಿತದ ಹೊತ್ತನ್ನ ಸೀಮೆಸುಣ್ಣದಲ್ಲಿ ಬರೀತಿದ್ರು. ಗಂಟೆ ಕೂಡಿಸಿಯೇ ಬರೀತಿದ್ರು, ನಾವು ನೋಡ್ಕೊಂಡು ಹೋಗ್ತಿದ್ವಿ. ಆ ಹಲಗೆ ಏನಾಯ್ತು?”

“ಅಪ್ಪ ಹೋದ್ಮೇಲೆ ತೆಗೆದುಬಿಟ್ಟೆ. ಅವರ ಅಕ್ಷರ ಅಳಿಸೋಕೆ ಮನಸ್ಸಾಗ್ಲಿಲ್ಲ. ಹೋದ ವರ್ಷದಿಂದ ಬರೀ ಈ ಪಟ್ಟಿ...”

ಅವನು ನಿಲ್ಲಿಸಿದ. ಅವನು ಎಣಿಸುತ್ತಿರುವುದು ಅವಳಿಗೆ ಅವನ ಹುಬ್ಬಿನಲ್ಲಿ ಕಂಡಿತು. ಅವಳ ಎಣಿಕೆ ಅವನಿಗಿಂತ ಮೊದಲು ಮುಗಿದಿತ್ತು.

“ಹೋದ ವರ್ಷ ನೀವು ಎಷ್ಟು ಗಂಟೆಗೆ ಬಂದಿದ್ರಿ, ಮಿಸ್ ಗ್ರೀವ್ಸ್?”

“ಒಂಬತ್ತು ಐದಕ್ಕೆ.”

“ನಾನು ಹತ್ತಕ್ಕೆ ಬಂದೆ. ನೀರು ತಿರುಗಿ ಮೊಣಕಾಲಿಗೆ ಬರೋ ತನಕ ಅಲ್ಲೇ ನಿಂತಿದ್ದೆ. ವಾಪಸು ಬಂದು ನೋಡಿದ್ರೆ ನಿಮ್ಮ ಕೋಣೆ ಖಾಲಿ, ಕೀಲಿಕೈ ಕೊಕ್ಕೇಲಿ. ಹನ್ನೆರಡರ ರೈಲಿಗೆ ಹೋಗಬೇಕಾದವರು.”

ಶಾಲೆಯಲ್ಲಿ ಅಂಕೆ ಬರೆದು ಅದು ಇಂಚೋ ಅಡಿಯೋ ಎಂದು ಬರೆಯದ ಹುಡುಗಿಗೆ ಹಿಲ್ಡಾ ಸೊನ್ನೆ ಕೊಡುತ್ತಿದ್ದಳು, ಅಳುತ್ತ ಬಂದರೂ ಕರಗುತ್ತಿರಲಿಲ್ಲ. ಆ ದಿನ ಕಡೆಯ ಕಂಬದ ಬುಡ ನೀರಿನಲ್ಲೇ ಇದ್ದದ್ದನ್ನು ಅವಳು ನೋಡಿದ್ದಳು. ಇಳಿತದಲ್ಲಿ ಅದು ಒಣಗಿರಬೇಕೆಂದೂ ಗೊತ್ತಿತ್ತು. ಎರಡನ್ನೂ ಜೋಡಿಸಲು ಅವಳ ಸಿಟ್ಟು ಬಿಡುವು ಕೊಟ್ಟಿರಲಿಲ್ಲ.

ನಾಚಿಕೆಯಾಗಬೇಕಿತ್ತು. ಬಂದದ್ದು ಮೊದಲಿಗಿಂತ ದೊಡ್ಡ ಕೋಪ.

“ಒಂದು ಕಾಗದ ಬರೀಬಹುದಿತ್ತಲ್ಲ? ನಮ್ಮ ವಿಳಾಸ ನಿಮ್ಮ ಪುಸ್ತಕದಲ್ಲೇ ಇತ್ತು.”

“ಬೇಡ ಅಂತ ಓಡಿಹೋದ ಅತಿಥಿಗೆ ಹೋಟೆಲಿನವನು ಏನಂತ ಬರೀಬೇಕಿತ್ತು? ನೀವು ಬರೀಬಹುದಿತ್ತು. ನಮ್ಮ ವಿಳಾಸ ಸೋಪಿನ ಮೇಲೂ ಅಚ್ಚಾಗಿದೆ.”

“ನಾನು ಮೋಸಹೋದವಳು ಅಂದ್ಕೊಂಡಿದ್ದೆ.”

“ನಾನೂ ಅದನ್ನೇ ಅಂದ್ಕೊಂಡಿದ್ದೆ. ಮೂವತ್ತು ಜನಕ್ಕೆ ದಿನಾ ನಗ್‌ನಗ್ತಾ ಬಡಿಸ್ತಾ ಅಂದ್ಕೊಂಡಿದ್ದೆ. ಒಂದು ವರ್ಷ, ಮಿಸ್ ಗ್ರೀವ್ಸ್. ನನಗೇನು ಇಪ್ಪತ್ತು ವಯಸ್ಸಾ, ವರ್ಷ ಎಸೆಯೋಕೆ?”

ಅವನ ದನಿ ಅಡುಗೆಮನೆಯ ತನಕ ಕೇಳಿರಬೇಕು. ಅಲ್ಲಿ ಪಾತ್ರೆಗಳ ಸದ್ದು ನಿಂತಿತ್ತು. ಅವಳು, ಹೋದ ವರ್ಷ ಏನು ಕೇಳಬೇಕೆಂದಿದ್ದಿರಿ, ಎಂದಳು. ಕೇಳುವ ಮನಸ್ಸು ಈಗಿಲ್ಲ ಎಂದು ಅವನು ಬಟ್ಟೆ ಎತ್ತಿಕೊಂಡು ಜಾಗಟೆಯನ್ನು, ಅದು ಆಗಲೇ ಕನ್ನಡಿಯಂತೆ ಹೊಳೆಯುತ್ತಿದ್ದರೂ, ಮತ್ತೆ ಉಜ್ಜತೊಡಗಿದ.

ಗುರುವಾರ ಇಬ್ಬರೂ ಮಾತಾಡಲಿಲ್ಲ. ತಾಯಿ ಒಮ್ಮೆ ಮಗಳನ್ನು, ಒಮ್ಮೆ ಅವನನ್ನು ನೋಡಿ, ಇದಕ್ಕಿಂತ ಮಿಲ್ಲಿನ ಮುಷ್ಕರದಲ್ಲಿ ಹೆಚ್ಚು ಮಾತುಕತೆ ನಡೆಯುತ್ತಿತ್ತು ಎಂದಳು. ಹಿಲ್ಡಾ ಇಡೀ ದಿನ ತನ್ನೊಳಗೇ ಕುದಿದಳು: ಪಟ್ಟಿ ಅಚ್ಚು ಹಾಕಿದವನ ಮೇಲೆ, ಗ್ರೀನಿಚ್ಚಿನ ಮೇಲೆ, ಹಲಗೆ ತೆಗೆದವನ ಮೇಲೆ, ಓದದ ತನ್ನ ಮೇಲೆ.

ಶುಕ್ರವಾರ ಬೆಳಿಗ್ಗೆ ಹಜಾರದ ಗೋಡೆಯಲ್ಲಿ ಹಳೆಯ ಹಲಗೆ ಮರಳಿ ಬಂದಿತ್ತು. ಮೇಲಿನ ಮೂಲೆಯಲ್ಲಿ ಮುದುಕನ ಅಕ್ಷರವನ್ನು ಅಳಿಸದೆ ಉಳಿಸಿ, ಕೆಳಗೆ ಹೊಸ ಸೀಮೆಸುಣ್ಣದಲ್ಲಿ ದಪ್ಪಗೆ, ಒತ್ತಿ ಒತ್ತಿ ಬರೆದಿತ್ತು: ಇಳಿತ, ಹನ್ನೆರಡು ಮೂವತ್ತೈದು. ಬೇರೇನೂ ಇರಲಿಲ್ಲ. ಮೂವತ್ತು ಅತಿಥಿಗಳಿಗೆ ಅದು ಬರೀ ಸಮುದ್ರದ ಸುದ್ದಿ.

ತಿಂಡಿಗೆ ಟೋಸ್ಟು ಒಂದು ಕಡೆ ಕೆಂಪಗೆ, ಇನ್ನೊಂದು ಕಡೆ ಬೆಳ್ಳಗೆ ಇತ್ತು. ತಂದಿಟ್ಟವನ ಮುಖ ಮಾತ್ರ ಗಂಟಿಕ್ಕಿಕೊಂಡೇ ಇತ್ತು.

ಹನ್ನೊಂದೂವರೆಗೇ ಹಿಲ್ಡಾ ನೀಲಿ ಕೋಟು ತೊಟ್ಟು ಹೊರಟಳು. ಹಲಗೆಯ ಹೊತ್ತಿಗೆ ಇನ್ನೂ ಒಂದು ಗಂಟೆ ಇತ್ತು. ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಹೋದ ವರ್ಷ ಅವನು ನಿಂತಷ್ಟು ಹೊತ್ತು ಈ ವರ್ಷ ತಾನು ನಿಲ್ಲಬೇಕು. ಅದು ನ್ಯಾಯ. ಆಮೇಲೆ ಅವನು ಏನಾದರೂ ಕೇಳಲಿ, ಕೇಳದೆ ಹೋಗಲಿ. ಕೇಳದಿದ್ದರೆ ಸಂಜೆ ಪುಸ್ತಕದಲ್ಲಿ ಡರ್ಬಿಯವರ ಹೆಸರು ಬೀಳುತ್ತದೆ.

ಚಕಮಕಿ ಕಲ್ಲುಗಳ ಮೇಲೆ ಎಡವುತ್ತ ಅಲೆತಡೆಯ ಉದ್ದಕ್ಕೂ ನಡೆದಳು. ಕಡೆಯ ಕಂಬದ ಹತ್ತಿರ ಯಾರೋ ಪ್ಯಾಂಟು ಮಡಚಿ, ಬೂಟುಗಳನ್ನು ಕೊರಳಿಗೆ ತೂಗುಹಾಕಿಕೊಂಡು ಹಿಮ್ಮಡಿ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದರು.

“ಇಳಿತಕ್ಕೆ ಇನ್ನೂ ಒಂದು ಗಂಟೆ ಇದೆ,” ಎಂದಳು ಸಿಟ್ಟಿನಿಂದ. ಅವನು ಅವಳ ನ್ಯಾಯವನ್ನು ಕೆಡಿಸಿದ್ದ.

“ಗೊತ್ತು. ಹಲಗೆ ಬರೆದವನು ನಾನೇ.” ನಾರ್ಮನ್ ತಿರುಗಲಿಲ್ಲ. “ಹೋದ ಸಲ ನೀವು ನಿಮ್ಮ ಹೊತ್ತಿಗೆ ಬಂದಾಗ ಇಲ್ಲಿ ಯಾರೂ ಇರ್ಲಿಲ್ಲ. ಈ ಸಲ ಇರ್ಲಿ ಅಂತ ಬಂದೆ.”

ಅವಳ ಅರ್ಧ ಸಿಟ್ಟು ಅಲ್ಲೇ ಇಳಿಯಿತು. ಅದಕ್ಕೂ ಕೋಪ ಬಂತು.

“ಹಾಗಾದ್ರೆ ಕೇಳಿ.”

“ಇಲ್ಲ. ಇಳಿತಕ್ಕೆ ಅಂತ ಹೇಳಿದ್ದೆ, ಇಳಿತಕ್ಕೇ ಕೇಳೋದು.”

“ಅಲ್ಲಿ ತನಕ?”

“ಅಲ್ಲಿ ತನಕ ಸಿಟ್ಟು ಮಾಡ್ಕೊಳ್ಳಿ. ನನ್ನದೂ ಇನ್ನೂ ಮುಗಿದಿಲ್ಲ.”

ಅವಳು ಬೂಟು ಬಿಚ್ಚಿ ನೀರಿಗಿಳಿದಳು. ಜುಲೈಯಲ್ಲೂ ಆ ಸಮುದ್ರ ಮೂಳೆ ಕೊರೆಯುತ್ತದೆ. ಇಬ್ಬರೂ ಜಗಳಾಡಿದರು. ಕಾಗದ ಯಾರು ಬರೆಯಬೇಕಿತ್ತೆಂದು, ಪಟ್ಟಿಯ ಅಕ್ಷರ ಯಾಕಷ್ಟು ಸಣ್ಣದೆಂದು, ಏಡಿಯ ಗಾತ್ರದ ಬಗ್ಗೆ, ಬಿಸಿ ಸೂಪಿನ ಬಗ್ಗೆ ಅವಳು ಆಡಿದ ಸುಳ್ಳಿನ ಬಗ್ಗೆ. ನಡುವೆ ಒಂದು ಅಲೆ ತಳ್ಳಿದಾಗ ಅವಳು ಅವನ ತೋಳು ಹಿಡಿದಳು. ಬಿಡುವ ಹೊತ್ತಿಗೆ ಅವನು ಅವಳ ಕೈಯನ್ನು ಅಲ್ಲೇ ಒತ್ತಿಹಿಡಿದಿದ್ದ, ವಾದವನ್ನು ಮಾತ್ರ ನಿಲ್ಲಿಸಿರಲಿಲ್ಲ.

ನೀರು ಹಿಮ್ಮಡಿಯಿಂದ ಬೆರಳಿಗೆ, ಬೆರಳಿನಿಂದ ಮರಳಿಗೆ ಇಳಿಯಿತು. ಕಂಬದ ಬುಡ ಬರಿದಾಯಿತು. ಅಲ್ಲಿ ಹಸಿರು ಪಾಚಿ, ಎರಡು ಶಂಖದ ಹುಳು, ಯಾರದೋ ಕಳೆದುಹೋದ ಗುಂಡಿ.

“ಹಿಲ್ಡಾ,” ಎಂದ ನಾರ್ಮನ್. ದನಿ ಮೊದಲ ಸಲ ತಗ್ಗಿತ್ತು.

“ಹೂಂ.”

“ನಾನಿನ್ನೂ ಕೇಳಿಲ್ಲ.”

“ನೀನು ಕೇಳೋ ತನಕ ಇನ್ನೊಂದು ವರ್ಷ ಆಗತ್ತೆ. ಹೂಂ ಅಂದಿದೀನಲ್ಲ. ಸಂಜೆ ಪುಸ್ತಕದಲ್ಲಿ ಅಮ್ಮನ ಹೆಸರೊಂದೇ ಬರೀತೀನಿ, ನಾಲ್ಕನೇ ಮೇಜಿಗೆ. ನಾನು ಅಲ್ಲಿ ಕೂರೋದಿಲ್ಲ, ಬಡಿಸ್ತೀನಿ.”

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಬಂಡೆಯ ಮೇಲಿಂದ ಜಾಗಟೆಯ ಸದ್ದು ಬಂತು. ಮಧ್ಯಾಹ್ನದ ಊಟದ ಕರೆ. ಹೊಡೆಯಬೇಕಾದವನು ಇಲ್ಲಿ ಬರಿಗಾಲಲ್ಲಿ ನಿಂತಿದ್ದ. ಮೇಲೆ, ಹೋಟೆಲಿನ ಮೆಟ್ಟಿಲ ಮೇಲೆ, ಒಂದು ಗಿಡ್ಡ ಆಕೃತಿ ಎರಡೂ ಕೈಯಲ್ಲಿ ಕೋಲು ಹಿಡಿದು, ಮಿಲ್ಲಿನ ಯಂತ್ರದ ಮೇಲಿನ ನಲವತ್ತು ವರ್ಷದ ಸೇಡನ್ನೆಲ್ಲ ತೀರಿಸಿಕೊಳ್ಳುವಂತೆ ಆ ಹಿತ್ತಾಳೆಯನ್ನು ಬಾರಿಸುತ್ತಿತ್ತು.

“ನಿಮ್ಮಮ್ಮನಿಗೆ ಸಿಟ್ಟು ಬಂದಿದೆ,” ಎಂದ.

“ಬರ್ಲಿ. ನಮ್ಮ ಮನೇಲಿ ಅದು ಇದ್ದದ್ದೇ.”

“ಸೂಪು ತಣ್ಣಗಾಗತ್ತೆ.”

ಹಿಲ್ಡಾ ಅವನ ಕೈ ಬಿಡಲಿಲ್ಲ. “ಆಗ್ಲಿ,” ಎಂದಳು.