ಮುಚ್ಚಳ ಕೂರದ ಡಬ್ಬಿ

ನಿವೇದಿತಾ ಸ್ಟೀಲ್ ಡಬ್ಬಿಗಳನ್ನು ಒಂದೊಂದಾಗಿ ತೊಳೆದು, ಒರೆಸಿ, ಕಟ್ಟೆಯ ಮೇಲೆ ಇಡುತ್ತಿದ್ದಳು.

ಒಂದಕ್ಕೆ ಎಣ್ಣೆಗಾಯಿ ತುಂಬಿದಳು. ಇನ್ನೊಂದಕ್ಕೆ ಹೆಸರುಕಾಳಿನ ಪಲ್ಯ. ಕಡಲೆಹಿಟ್ಟಿನ ಜುಣಕದ ವಡಿಗೆ ಉಳಿದದ್ದು ಕೊನೆಯ ಡಬ್ಬಿ. ಅದರ ಮುಚ್ಚಳ ಮಾತ್ರ ಕೂರಲಿಲ್ಲ. ಮೈತುಂಬ ತಗ್ಗು. ಈ ಬದಿ ಒತ್ತಿದರೆ ಆ ಬದಿ ಏಳುತ್ತಿತ್ತು.

ಗಂಡನ ಕಣ್ಣಿಗೆ ಬೀಳಬಾರದೆಂದು ಅದನ್ನು ಹಿಂದಕ್ಕೆ ಸರಿಸಿದಳು.

ಅವನು ನೋಡುತ್ತಲೂ ಇರಲಿಲ್ಲ.

ಸಿದ್ಧಾರೂಢ ನಡುಮನೆಯ ಸೋಫಾದ ಮೇಲೆ ಅವಳಿಗೆ ಬೆನ್ನು ಮಾಡಿ ಕುಳಿತಿದ್ದ. ಪ್ಲಾಸ್ಟರಿನ ಬಲಗಾಲು ಎದುರಿನ ಕುರ್ಚಿಯ ಮೇಲಿತ್ತು. ಕಿಟಕಿಯಾಚೆ ಅಮೆರಿಕದ ಮಿಲ್ಪಿಟಾಸಿನ ಗುಡ್ಡಗಳು ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದವು. ಅವನು ಅವನ್ನೇ ನೋಡುತ್ತಿದ್ದ, ಅಥವಾ ಏನನ್ನೂ ನೋಡುತ್ತಿರಲಿಲ್ಲ.

"ಯೋಗಾನಂದ ಬರತಾನ," ಅಂದ, ತಿರುಗದೆ. "ಏರ್‌ಪೋರ್ಟಿಗೆ ಅವನ ಬಿಡತಾನ. ನನಗ ಕಾರು ನಡಸಲಿಕ್ಕೆ ಆಗೂದಿಲ್ಲ."

"ಹೂಂ ರೀ."

"ಪಾಸ್‌ಪೋರ್ಟು ತಗೊಂಡಿ?"

"ತಗೊಂಡೀನಿ."

"ಅಜ್ಜಿಗೆ ಏನಂತ ಹೇಳತಿ?"

ಅವಳ ಕೈಯಲ್ಲಿದ್ದ ಒರೆಸುವ ಬಟ್ಟೆ ನಿಂತಿತು. ಮುಂಡರಗಿಯ ಆ ಸಣ್ಣ ಮನೆಯ ಹೊಸ್ತಿಲಲ್ಲಿ ಅಜ್ಜಿ ಬಂಗಾರೆವ್ವ ಕೈಯನ್ನು ಹಣೆಗೆ ಅಡ್ಡ ಹಿಡಿದು ದಾರಿ ನೋಡುವುದು ಕಣ್ಣಿಗೆ ಕಟ್ಟಿತು. 'ಒಬ್ಬಾಕಿನ ಬಂದ್ಯಾ? ಅವ್ರು ಎಲ್ಲಿ?' ಅಂತ ಕೇಳುತ್ತಾಳೆ. ಏನು ಹೇಳುವುದು...

"ಏನರ ಹೇಳತೀನಿ," ಅಂದಳು.

ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹತ್ತನೆಯ ತರಗತಿಗೇ ಶಾಲೆ ಬಿಟ್ಟವಳು ಅವಳು. ಹುಬ್ಬಳ್ಳಿಯ ಈ ಇಂಜಿನಿಯರು ತನ್ನನ್ನೇ ಒಪ್ಪಿದ್ದು ಯಾಕೆಂದು ಅವಳಿಗೆ ಇವತ್ತಿಗೂ ತಿಳಿದಿರಲಿಲ್ಲ. ಕೇಳಲು ಬಾಯಿ ಬಂದಿರಲಿಲ್ಲ. ಅವನು ಮನೆಗೆ ಬಂದರೆ ಬೂಟಿನ ಸದ್ದಿನಲ್ಲೇ ಅವನ ದಣಿವು ಗೊತ್ತಾಗುತ್ತಿತ್ತು. ಅದಕ್ಕೆ ತಕ್ಕಂತೆ ಚಹಾ ಮಾಡುತ್ತಿದ್ದಳು, ಅಷ್ಟೇ. ಅದನ್ನು ಪ್ರೀತಿ ಅನ್ನುತ್ತಾರೆಂದು ಬಾಯಿಬಿಟ್ಟು ಹೇಳಿರಲಿಲ್ಲ.

ಈಗ ಹೇಳುವ ಹೊತ್ತೂ ಮುಗಿಯುತ್ತ ಬಂದಿತ್ತು. ಹೋದ ವಾರ ಅವನು ಟಿಕೆಟ್ ತೆಗೆಸಿ, ಊಟದ ತಟ್ಟೆಯ ಮುಂದೆ ತಣ್ಣಗೆ ಹೇಳಿದ್ದ: "ಒಂದ ಕಡಿ ಟಿಕೆಟ್ಟು. ಮತ್ತ ಬಾ ಅಂತ ನಾ ಕರೆಯೂದಿಲ್ಲ. ನಿನಗ ಮನಸ್ಸಿಲ್ಲದ ಕಡೆ ನೀ ಯಾಕ ಇರಬೇಕು?"

ಅವಳು ತಲೆ ತಗ್ಗಿಸಿದ್ದಳು. ಅದನ್ನು ಅವನು ಒಪ್ಪಿಗೆ ಅಂದುಕೊಂಡ. ಅವಳು ಅದನ್ನು ಶಿಕ್ಷೆ ಅಂದುಕೊಂಡಳು. ತನಗೆ ಸಲ್ಲಬೇಕಾದ ಶಿಕ್ಷೆ.

ಎಲ್ಲ ಶುರುವಾದದ್ದು ಕಾಂಬೋಡಿಯಾದ ಆ ಕಾಡಿನ ಗುಡಿಯಲ್ಲಿ.

ಕನ್ನಡದ ನಾಲ್ಕಾರು ಮನೆಯವರು ಸೇರಿ ಹೊರಟ ಪ್ರವಾಸ. ಬಸ್ಸಿನಲ್ಲಿ ಹರ್ಷಿತಾ, ಸಿದ್ಧಾರೂಢನ ಗೆಳೆಯ ಯೋಗಾನಂದನ ಹೆಂಡತಿ, ಬೆಂಗಳೂರಿನವಳು, ಮೈಕು ಹಿಡಿದು ಗದ್ದಲ ಎಬ್ಬಿಸಿದ್ದಳು. "ನಾರ್ತ್ ಕರ್ನಾಟಕದವರು ಗಂಡನ ಹೆಸರನ್ನ ಒಡಪು ಕಟ್ಟಿ ಹೇಳ್ತಾರಂತೆ. ನಿವೇದಿತಾ, ಒಂದು ಹೇಳು. ಸಿದ್ಧು ಇನ್ನೂ ಒಂದ್ಸಲನೂ ಕೇಳಿಲ್ವಂತೆ, ಪಾಪ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಿವೇದಿತಾ ಸೆರಗಿನ ಅಂಚು ಸುತ್ತುತ್ತ ಕುಳಿತಳು. ಬಸ್ಸು ಮುಂದೆ ಹೋಯಿತು, ಮಾತು ಬೇರೆಡೆಗೆ ಹೊರಳಿತು. ಅವನೂ ನಕ್ಕಿದ್ದ. ಆದರೆ ಆ ನಗು ಬೇಗ ಆರಿದ್ದನ್ನು ಅವಳು ಕಂಡಿದ್ದಳು.

ಗುಡಿ ಅಂದರೆ ಅರ್ಧ ಗುಡಿ, ಅರ್ಧ ಮರ. ಬೇರುಗಳು ಗೋಡೆಯನ್ನು ತಬ್ಬಿ ಕಲ್ಲುಗಳನ್ನು ಬಿಡಿಸಿದ್ದವು. ಒಳಗಿನ ಕತ್ತಲ ಓಣಿಯಲ್ಲಿ ಅವನು ಅವಳ ಕೈ ಹಿಡಿದು ನಡೆಸಿದ. ಗರ್ಭಗುಡಿಯಲ್ಲಿ ಪೀಠವಿತ್ತು, ಲಿಂಗವಿರಲಿಲ್ಲ. ಆ ಬರಿದಾದ ಪೀಠದ ಮುಂದೆ ನಿಂತು ಅವನು ಕೇಳಿದ್ದ:

"ನಿನಗ ನನ್ನ ಜೋಡಿ ಇರೂದು ಮನಸ್ಸೈತೇನು, ಇಲ್ಲ? ಒಂದ ಮಾತು ಹೇಳು."

ಹಿಂದೆ ಯಾರೋ ಫೋಟೋ ತೆಗೆಯುತ್ತಿದ್ದರು. ಅವಳ ಬಾಯಿ ಕಟ್ಟಿತು.

ಅವನು ಕೈ ಬಿಟ್ಟು ಪಕ್ಕದ ಮುರುಕು ಓಣಿಯೊಳಗೆ ಒಬ್ಬನೇ ನಡೆದುಹೋದ. ಸ್ವಲ್ಪ ಹೊತ್ತಿಗೆ ಎಲ್ಲೋ ನೆಲದ ಕಲ್ಲು ಕುಸಿದ ಸದ್ದು. ಮತ್ತೆ ಅವನು ಹೊರಗೆ ಬರಲಿಲ್ಲ.

"ಹಲೋ, ಮೇಲೆ ಬರಬಹುದಾ?" ಹರ್ಷಿತಾಳ ದನಿ ಅವಳನ್ನು ಮಿಲ್ಪಿಟಾಸಿಗೆ ಎಳೆದು ತಂದಿತು. ಕೆಳಗಿನ ಗ್ಯಾರೇಜಿನಿಂದ ಮೆಟ್ಟಿಲೇರಿ ಬಂದವಳು ನೇರ ಸಿದ್ಧಾರೂಢನ ಮುಂದೆ ನಿಂತಳು.

"ಏನಪ್ಪಾ ಸಿದ್ಧು, ಕಾಲು ಮುರ್ಕೊಂಡು ಕೂತಿದ್ದೀಯ, ಇವಳನ್ನ ಊರಿಗೆ ಕಳಿಸ್ತಿದ್ದೀಯ. ಊಟಕ್ಕೇನು, ಪ್ಲಾಸ್ಟರ್ ಕೆರೆದು ತಿಂತೀಯಾ?"

"ಆಕಿ ಡಬ್ಬಿ ತುಂಬಿ ಇಟ್ಟಾಳ," ಅಂದ ಅವನು.

"ನೋಡು, ಇಂಥೋಳು ನನಗೆ ಸಿಕ್ಕಿದ್ರೆ ನಾನೇ ಮದುವೆ ಆಗ್ತಿದ್ದೆ." ಹರ್ಷಿತಾ ಅಡುಗೆಮನೆಗೆ ಬಂದು ನಿವೇದಿತಾಳ ಭುಜ ಹಿಡಿದಳು. "ಅಜ್ಜಿ ಹತ್ರ ಮುದ್ದು ಮಾಡಿಸ್ಕೊಂಡು ನಮ್ಮನ್ನ ಮರೀಬೇಡ. ಬರ್ತಾ ಧಾರವಾಡ ಪೇಡೆ ತರಬೇಕು. ಯಾವಾಗ ವಾಪಸ್ಸು?"

ನಿವೇದಿತಾ ಒರೆಸಿದ ಡಬ್ಬಿಯನ್ನೇ ಮತ್ತೆ ಒರೆಸಿದಳು. ಹರ್ಷಿತಾ ಇವಳ ಮುಖ ನೋಡಿದಳು, ಅವನ ಬೆನ್ನು ನೋಡಿದಳು. ನಗು ಮೆಲ್ಲಗೆ ಇಳಿಯಿತು.

"ಕಾರಲ್ಲಿ ಮಗುವಿನ ಕಾರ್‌ಸೀಟಿದೆ. ತೆಗೆದು ಜಾಗ ಮಾಡ್ತೀವಿ," ಅಂದಳು. "ನಿಧಾನವಾಗಿ ಬಾ."

ಅವಳ ಹೆಜ್ಜೆಗಳು ಕೆಳಗಿಳಿದವು. ಕೋಣೆಯ ಬಾಗಿಲಲ್ಲಿ ಸೂಟ್‌ಕೇಸು ನಿಂತಿತ್ತು. ಇನ್ನೇನೂ ಉಳಿದಿರಲಿಲ್ಲ.

"ನಿವೇದಿತಾ."

"ರೀ?"

"ಹೋಗೂ ಮುಂದ ಒಂದು ಕೇಳತೀನಿ. ಸಿಟ್ಟಿಲ್ಲ ನನಗ. ಆ ಗುಡಿ ತಗ್ಗಿನ್ಯಾಗ ಬಿದ್ದಾಗ ಎಲ್ಲಾರ ದನಿ ಕೇಳಸ್ತು. ಯೋಗಾನಂದ ಕೂಗಿದ. ಹರ್ಷಿತಾ ಅಳಕೋತ ಕೂಗಿದ್ಲು. ಹೆಸರು ಗೊತ್ತಿಲ್ಲದವರೂ ನನ್ನ ಹೆಸರು ಕೂಗಿದ್ರು." ಅವನ ದನಿ ಒಡೆಯಿತು. "ನಿಂದ ಒಂದ ಬರಲಿಲ್ಲ. ಈಗ ಕೂಗತಾಳ, ಇನ್ನೊಂಚೂರು ತಡಿ ಅಂತ ಕಿವಿ ಇಟ್ಟು ಬಿದ್ದಿದ್ದೆ. ನಾ ಸಿಗೂದು ನಿನಗ ಬ್ಯಾಡಾಗಿತ್ತೇನು?"

ಅವಳು ಒರೆಸುವ ಬಟ್ಟೆಯನ್ನು ಕೆಳಗಿಟ್ಟಳು.

'ಇಷ್ಟು ದಿನ ಇದನ್ನ ಎದಿಯಾಗ ಇಟಗೊಂಡಿದ್ರಾ...'

ಹೇಳಬೇಕು. ಹೇಗೆ ಹೇಳುವುದು? ಅವನು ಹೇಳಿದ್ದು ನಿಜ. ಅವಳು ಅವನ ಹೆಸರು ಕೂಗಿರಲಿಲ್ಲ. ಆ ಹೊತ್ತಿನಲ್ಲೂ ನಾಲಿಗೆ ಏಳಲಿಲ್ಲ. ಗಂಡ ಸಾಯುತ್ತಿದ್ದರೂ ಹೆಸರು ಕೂಗದ ಹೆಂಡತಿಗೆ ಈ ಮನೆಯಲ್ಲಿ ಎಂಥ ಜಾಗ?

ಬಾಯಿ ಕಟ್ಟಿತು. ಮತ್ತೆ ಅದೇ. ಅದೇ ಬರಿದಾದ ಪೀಠದ ಮುಂದೆ ಕಟ್ಟಿದ ಹಾಗೆ.

ಅವನು ಕಾಲನ್ನು ಕುರ್ಚಿಯ ಮೇಲೆ ಸರಿಮಾಡಿಕೊಂಡ. ಆಮೇಲೆ ಮೆಲ್ಲಗೆ, "ಆತು, ಹೋಗು," ಅಂದ.

ಕಣ್ಣು ಮಂಜಾಗಿ ಅವಳಿಗೆ ಕಂಡದ್ದು ಮುಚ್ಚಳವಿಲ್ಲದ ಆ ಡಬ್ಬಿಯೊಂದೇ. ವಡಿಗೆ ಗಾಳಿಯಾಡಿದರೆ ನಾಳೆಗೆ ಒಣಗಿಹೋಗುತ್ತದೆ. ಮುಚ್ಚಿಯಾದರೂ ಹೋಗಬೇಕು. ಮುಚ್ಚಳವನ್ನು ಡಬ್ಬಿಯ ಮೇಲಿಟ್ಟು, ಸೌಟಿನ ಹಿಡಿಯಿಂದ ಎದ್ದ ಅಂಚನ್ನು ಬಡಿದಳು.

ಟಕ್.

ಕೂರಲಿಲ್ಲ. ಮತ್ತೆ ಬಡಿದಳು.

ಟಕ್... ಟಕ್-ಟಕ್.

ಅದು ಅವಳ ಕೈಗೆ ರೂಢಿಯಾದ ಲಯ. ಈ ಮನೆಗೆ ಬಂದ ಮೊದಲ ದಿನದಿಂದ ಅವನನ್ನು ಊಟಕ್ಕೆ ಕರೆಯುತ್ತಿದ್ದುದೇ ಹಾಗೆ, ಹೆಸರಿಲ್ಲದೆ, ಸೌಟನ್ನು ಪಾತ್ರೆಗೆ ಬಡಿದು. ಕಾಡಿನಿಂದ ಬಂದಮೇಲೆ ಒಮ್ಮೆಯೂ ಬಡಿದಿರಲಿಲ್ಲ. ತಟ್ಟೆಯನ್ನು ಸುಮ್ಮನೆ ತಂದು ಅವನ ಪಕ್ಕದಲ್ಲಿಟ್ಟು ಬರುತ್ತಿದ್ದಳು.

ಸೋಫಾದ ಕಡೆಯಿಂದ ಊರುಗೋಲು ಬಿದ್ದ ಸದ್ದು.

"ಇನ್ನೊಮ್ಮೆ ಬಡಿ."

ಅವಳು ಬೆಚ್ಚಿ ತಿರುಗಿದಳು. ಅವನು ಸೋಫಾದ ಬೆನ್ನು ಹಿಡಿದು ಒಂಟಿಗಾಲಲ್ಲಿ ಎದ್ದು ನಿಂತಿದ್ದ.

"ರೀ, ಬೀಳತೀರಿ..."

"ಬಡಿ ಅಂದೆ."

ಅವಳು ಬಡಿದಳು. ಟಕ್... ಟಕ್-ಟಕ್.

ಅವನು ಅವಳ ಕೈಯನ್ನೇ ನೋಡಿದ. "ಆ ತಗ್ಗಿನ್ಯಾಗ ಇದ ಕೇಳಿತ್ತು. ನೀ ಊಟಕ್ಕ ಕರದಂಗ. ತಲಿಗೆ ಪೆಟ್ಟಾಗೇತಿ, ಭ್ರಮೆ ಅಂದಕೊಂಡೆ. ಕೂಗಿ ಹೇಳಲಿಕ್ಕೆ ದನಿ ಏಳಲಿಲ್ಲ. ಆದ್ರೂ ಕೈಗೆ ಸಿಕ್ಕ ಕಲ್ಲಿಲೆ ತಿರುಗಿ ಬಡದೆ. ಆಮ್ಯಾಲೆ ಗೈಡಿನ ಮಂದಿ ಬಂದ್ರು. ಅವರ ಬಡದಿರಬೇಕು ಅಂದಕೊಂಡೆ..."

ಸೋಫಾ, ಕುರ್ಚಿ, ಗೋಡೆ ಹಿಡಿದು ಕುಂಟುತ್ತ ಅವನು ಕಟ್ಟೆಯ ತನಕ ಬಂದ. ಆ ಮುಚ್ಚಳವನ್ನು ಎತ್ತಿಕೊಂಡ. ತಗ್ಗುಗಳ ಮೇಲೆ ಬೆರಳಾಡಿಸಿದ.

"ಇದು ಆವತ್ತ ಒಯ್ದಿದ್ದ ನಮ್ಮ ಬುತ್ತಿ ಡಬ್ಬಿ ಅಲ್ಲೇನು?"

ಅವಳು ತಲೆಯಾಡಿಸಿದಳು.

"ಎಲ್ಲಿ ನಿಂತು ಬಡದಿ?"

"ಗುಡಿ ಹಿಂದ. ಕೆಂಪು ಹಗ್ಗ ದಾಟಿ."

ಆ ಹಗ್ಗದಾಚೆ ಹಳೆಯ ಯುದ್ಧದ ಸಿಡಿಗುಂಡುಗಳು ಇನ್ನೂ ನೆಲದಲ್ಲಿರಬಹುದು, ಯಾರೂ ಕಾಲಿಡಬೇಡಿ ಎಂದು ಗೈಡ್ ಬಸ್ಸಿನಲ್ಲೇ ಹೇಳಿದ್ದ. ಸಿದ್ಧಾರೂಢ ಕಣ್ಣು ಮುಚ್ಚಿಕೊಂಡ.

"ಗೊತ್ತಿತ್ತೇನು ನಿನಗ?"

"ಗೊತ್ತಿತ್ರೀ. ಬಡದು, ನಿಂತು ಕೇಳತಿದ್ದೆ. ಮತ್ತ ನಾಕ ಹೆಜ್ಜಿ ಮುಂದ ಹೋಗಿ ಬಡೀತಿದ್ದೆ. ಒಂದ ಕಡಿ ನೆಲದೊಳಗಿಂದ ಕಲ್ಲಿನ ಸಪ್ಪಳ ಬಂತು. ಇಲ್ಲೇ ಅದಾರ ಅಂತ ಕೈ ಮಾಡಿ ತೋರಸೂದ್ರಾಗ ಗೈಡು ನನ್ನ ರಟ್ಟಿ ಹಿಡದು ಎಳಕೊಂಡು ಹೋದ. ಬೈದ. ನಿಮ್ಮನ್ನ ಮ್ಯಾಲೆ ಎತ್ತೂ ಮುಂದ ನನ್ನ ಬಸ್ಸಿನ್ಯಾಗ ಕೂಡಸಿದ್ರು."

"ನನಗ ಯಾಕ ಹೇಳಲಿಲ್ಲ?"

"ಏನಂತ ಹೇಳಲಿ? ಹೆಸರು ಕೂಗಿದ್ರ ನೀವು ಇನ್ನೂ ಲಗೂನ ಸಿಗತಿದ್ರಿ. ನಾ ಕೂಗಲಿಲ್ಲ." ಈಗ ಮಾತು ಕಟ್ಟೆಯೊಡೆದು ಬಂತು. "ನಮ್ಮಜ್ಜಿ ಒಮ್ಮೆ ಹೊಲದಾಗ ಅಜ್ಜನ್ನ ಹೆಸರು ಹಿಡದು ಕೂಗಿದ್ಲಂತ. ಆ ವಾರಾನ ಅಜ್ಜ ಹೋದ. ಹೆಸರು ಕೂಗಿದ್ರ ಆಯುಷ್ಯ ಕಡಿಮಿ ಆಗತೈತಿ ಅಂತ ಹೇಳಿ ಹೇಳಿ ನನ್ನ ಬೆಳಸ್ಯಾಳ. ಸುಳ್ಳಿರಬಹುದು. ಆದ್ರ ನೀವು ಎಲ್ಲಿ ಬಿದ್ದೀರೋ, ಜೀವ ಎಷ್ಟು ಉಳದೈತೋ... ಅಂಥಾ ಹೊತ್ತಿನ್ಯಾಗ ನಾ ಹೆಂಗ ಕೂಗಲಿ? 'ರೀ, ರೀ' ಅಂದೆ. ದನಿ ಬಿತ್ತು. ಕೈಯಾಗ ಡಬ್ಬಿ ಇತ್ತು."

ಅವನು ಕಟ್ಟೆಗೆ ಒರಗಿ ನಿಂತು, ಮುಚ್ಚಳವನ್ನು ಎದೆಗೆ ಒತ್ತಿಕೊಂಡು ಅತ್ತ. ಅವಳು ಗಂಡಸು ಹಾಗೆ ಅಳುವುದನ್ನು ನೋಡಿರಲಿಲ್ಲ. ಬೀಳುತ್ತಾನೇನೋ ಎಂದು ಅವನ ತೋಳನ್ನು ಎರಡೂ ಕೈಯಲ್ಲಿ ಹಿಡಿದಳು.

"ಒಡಪಿನ್ಯಾಗ ಹೇಳಿದ್ರ ನಡೀತೈತ್ರೀ," ಅಂದಳು ಪಿಸುದನಿಯಲ್ಲಿ. "ಅಜ್ಜಿನ ಹೇಳ್ಯಾಳ. ಆವತ್ತ ಗುಡಿಯೊಳಗ ನೀವು ಕೈ ಹಿಡದಾಗ ಒಂದು ಕಟ್ಟಿದ್ದೆ."

"ಹೇಳು."

ಅವಳು ನೆಲ ನೋಡಿದಳು. ಆಮೇಲೆ, ಮೊದಲ ಸಲ, ಮಾತಾಡುವಾಗ ಅವನ ಕಣ್ಣನ್ನು ನೋಡಿದಳು.

"ಕಾಡಿನ ಗುಡಿಯಾಗ ಕತ್ತಲಿ ಬಾಳ ಗಾಢ,
ಕೈ ಹಿಡದು ನಡಸಾವ್ರು ನನ್ನ ಸಿದ್ಧಾರೂಢ."

ಅವನು ಕಣ್ಣೊರೆಸಿಕೊಂಡ.

"ಆ ಹರ್ಷಿತಾ ಬಸ್ಸಿನ್ಯಾಗ ಕೇಳಿದಾಗ ಒಂದರ ಹೇಳಬಾರದಿತ್ತೇನು?"

"ಅಷ್ಟು ಮಂದಿ ಮುಂದ ಹೇಳಿದ್ರ ಎಲ್ಲಾರಿಗೂ ಗೊತ್ತಾಗತಿತ್ತು."

"ಏನು ಗೊತ್ತಾಗತಿತ್ತು?"

"ನಿಮ್ಮ ಮ್ಯಾಲೆ ನನಗ ಎಷ್ಟು ಜೀವ ಐತಿ ಅಂತ."

ಅವನು ಮುಚ್ಚಳವನ್ನು ಕಟ್ಟೆಯ ಮೇಲಿಟ್ಟು ಅವಳ ಹಣೆಗೆ ಹಣೆ ತಾಗಿಸಿದ.

"ಹೆಸರು ಬ್ಯಾಡ ಬಿಡು," ಅಂದ. "ಇನ್ನ ಮ್ಯಾಲೆ ದಿನಾ ಬಡದ ಕರಿ. ನಾ ಎಲ್ಲಿದ್ರೂ ಬರತೀನಿ."

"ಈ ಕಾಲಿಲೆ?"

"ಈ ಕಾಲಿಲೆನ."

ಅವಳು ನಕ್ಕಳು. ನಗುತ್ತಲೇ ಅತ್ತಳು.

ಕೆಳಗೆ ಕಾರಿನ ಡಿಕ್ಕಿ ತೆರೆದ ಸದ್ದಾಯಿತು. ಯೋಗಾನಂದನ ದನಿ ಮೆಟ್ಟಿಲೇರಿ ಬಂತು.

"ನಿವೇದಿತಾ, ಆ ಸೂಟ್‌ಕೇಸ್ ಸ್ವಲ್ಪ ಮೆಟ್ಟಿಲ ಹತ್ರ ತಂದಿಡಮ್ಮಾ."

ಸೂಟ್‌ಕೇಸು ಇದ್ದಲ್ಲಿಂದ ಕದಲಲಿಲ್ಲ.