ಗಂಟೆಯ ನಾಲಿಗೆಗೆ ಸುತ್ತಿದ ಬಟ್ಟೆ

ಚೀಲದ ದಾರ ಬಿಚ್ಚಿದರೆ ಒಳಗೆ ಗಂಟೆ ಇರಲಿಲ್ಲ. ಮಡಿಸಿಟ್ಟ ಒಂದು ತುಂಡು ಬಟ್ಟೆ ಮಾತ್ರ ಇತ್ತು.

ಗುರುವಾರ ಬೆಳಿಗ್ಗೆ ಸಂಘದ ಕೋಣೆಯಲ್ಲಿ ನೆನಪಿನ ಪೆಟ್ಟಿಗೆ ತೆರೆದವಳು ನಾನೇ. ನಮ್ಮದು ಊರಿನ ಇತಿಹಾಸ ಸಂಘ; ನಾನು ಕಾರ್ಯದರ್ಶಿ. ಸಂಘದಲ್ಲಿ ಭಾಷಣ ಮಾಡುವವರು ಬೇಕಾದಷ್ಟಿದ್ದಾರೆ, ಭಾಷಣ ಮುಗಿದ ಮೇಲೆ ಕುರ್ಚಿ ಎತ್ತಿಡುವವರು ಮಾತ್ರ ಸಿಗುವುದಿಲ್ಲ. ಆದರೂ ಒಂದು ಒಳ್ಳೆಯ ಕೆಲಸ ನಡೆಸಿಕೊಂಡು ಬಂದಿದ್ದೇವೆ. ಇದ್ದಿಲಿನ ಇಸ್ತ್ರಿ ಪೆಟ್ಟಿಗೆ, ಸ್ಲೇಟು, ಲಾಟೀನು, ಎಂದೋ ಮುಚ್ಚಿಹೋದ ಶಾಲೆಯ ಕೈಗಂಟೆ—ಇಂಥವನ್ನು ಪೆಟ್ಟಿಗೆಗೆ ತುಂಬಿಕೊಂಡು ವೃದ್ಧಾಶ್ರಮಕ್ಕೆ ಹೋಗುತ್ತೇವೆ. ಮರೆವಿನ ಕಾಯಿಲೆಯವರ ಕೈಗೆ ಅವನ್ನು ಕೊಡುತ್ತೇವೆ. ಕೆಲವರಿಗೆ ಏನೋ ನೆನಪಾಗುತ್ತದೆ, ಕೆಲವರಿಗೆ ಇಲ್ಲ.

ಬುಧವಾರ ಗಂಟೆ ಬಾರಿಸಿದಾಗ ಒಬ್ಬ ಅಜ್ಜ ಮಗ್ಗಿ ಶುರು ಮಾಡಿದರು. ಒಬ್ಬ ಅಜ್ಜಿ ಕಣ್ಣೊರೆಸಿಕೊಂಡರು. ತಿಂಗಳುಗಳಿಂದ ಮಾತಿಲ್ಲದೆ ಕೂತಿದ್ದ, ಆ ಶಾಲೆಯಲ್ಲೇ ಪಾಠ ಹೇಳಿದ್ದ ಟೀಚರಮ್ಮ ಎದ್ದು ನಿಂತು ಬಾಗಿಲ ಕಡೆ ನೋಡಿ ನಕ್ಕರು. ಅವರು ನಮ್ಮ ಅಧ್ಯಕ್ಷರ ಹೆಂಡತಿ. ಅಧ್ಯಕ್ಷರು ಅದೇ ಶಾಲೆಯ ಹೆಡ್‌ಮಾಸ್ಟರಾಗಿದ್ದವರು, ನಮಗೆಲ್ಲ ಮೇಷ್ಟ್ರು.

ಗಂಟೆ ಹೋಗಿದೆ ಎಂದು ತಿಳಿದದ್ದೇ ತಡ, ನಮ್ಮ ಉಪಾಧ್ಯಕ್ಷರು ಆಶ್ರಮಕ್ಕೆ ಫೋನು ಹಚ್ಚಿದರು. ಅವರದು ಹಳೇ ಸಾಮಾನಿನ ಅಂಗಡಿ. ಕೋಪ ಮೂಗಿನ ತುದಿಯಲ್ಲೇ. ಬುಧವಾರ ಪೆಟ್ಟಿಗೆಯನ್ನು ವ್ಯಾನಿಗೆ ಒಯ್ದವಳು ಆಶ್ರಮದ ಆಯಾ, ಒಬ್ಬಳೇ; ಕದ್ದವಳೂ ಅವಳೇ ಎಂದರು. ಮೇಷ್ಟ್ರು ಪಕ್ಕದಲ್ಲೇ ಕೂತಿದ್ದರು, ಏನೂ ಹೇಳಲಿಲ್ಲ. ಮಧ್ಯಾಹ್ನದೊಳಗೆ ಆಯಾಳನ್ನು ಮನೆಗೆ ಕಳಿಸಿದ್ದರು. ಶನಿವಾರದೊಳಗೆ ಗಂಟೆ ಬರಬೇಕು, ಇಲ್ಲದಿದ್ದರೆ ಕೆಲಸ ಹೋಯಿತು, ಜೊತೆಗೆ ಕಳ್ಳಿ ಎಂಬ ಹೆಸರು. ಆ ಹೆಸರು ಹೊತ್ತವಳನ್ನು ಇನ್ಯಾವ ಮನೆಯವರು ರೋಗಿಯ ಹಾಸಿಗೆ ಹತ್ತಿರ ಬಿಟ್ಟುಕೊಳ್ಳುತ್ತಾರೆ?

ಶುಕ್ರವಾರ ಅಕ್ಕನನ್ನು ಕರೆಸಿದೆ. ಅಕ್ಕ ವಿಮಾ ಕಂಪನಿಯಲ್ಲಿ ಸುಟ್ಟ ಅಂಗಡಿ, ನೀರು ನುಗ್ಗಿದ ಗೋದಾಮು ನೋಡಿ ನಿಜ ಸುಳ್ಳು ಬೇರ್ಪಡಿಸುವ ಕೆಲಸ ಮಾಡಿ ನಿವೃತ್ತಳಾದವಳು. ಅವಳ ಮನೆಯಲ್ಲಿ ಸಕ್ಕರೆ ಡಬ್ಬಿಯ ಮುಚ್ಚಳ ಸಡಿಲವಿದ್ದರೂ ವಿಚಾರಣೆಯಾಗುತ್ತದೆ.

“ಈ ಬಟ್ಟೆ ಏನೇ?” ಎಂದಳು.

“ಗಂಟೆಯ ನಾಲಿಗೆಗೆ ಸುತ್ತೋದು. ಇಲ್ಲಾಂದ್ರೆ ದಾರಿಯುದ್ದಕ್ಕೂ ಢಣ ಢಣ ಅನ್ನುತ್ತೆ.”

“ಬುಧವಾರ ವಾಪಸ್ ಹೊರಡುವಾಗ ಸುತ್ತಿದ್ಯಾ?”

“ಸುತ್ತಿ, ಗಂಟು ಹಾಕಿ, ನಾನೇ ಚೀಲಕ್ಕೆ ಹಾಕ್ದೆ.”

“ನಿನ್ನೆ ಇದು ಹೇಗಿತ್ತು?”

“ಮಡಿಸಿಟ್ಟಿತ್ತು. ಚೀಲದ ಒಳಗೇ.”

“ಮಡಿಸಿ—?” ಎಂದು ನನ್ನ ಮುಖ ನೋಡಿದಳು. ನನಗೆ ಏನೂ ಹೊಳೆಯಲಿಲ್ಲ.

ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿದಳು. ನನ್ನ ಹತ್ತಿರ, ಮೇಷ್ಟ್ರ ಹತ್ತಿರ, ಅಂಗಡಿಯವರ ಹತ್ತಿರ. ಅಂಗಡಿಯವರು ಹಿಂದೆ ಆ ಗಂಟೆಯನ್ನು ಕೊಳ್ಳಲು ಕೇಳಿದ್ದರು ಎಂಬುದನ್ನೂ ನನ್ನ ಬಾಯಿಂದ ಹೊರಡಿಸಿದಳು. ಆಮೇಲೆ ಗಂಟೆ ಬಾರಿಸಿದಾಗ ಆಶ್ರಮದಲ್ಲಿ ಯಾರ್‍ಯಾರು ಏನೇನು ಮಾಡಿದರು ಎಂದು ಒಬ್ಬೊಬ್ಬರದೇ ಕೇಳುತ್ತಾ ಹೋದಳು.

ಶನಿವಾರ ಬೆಳಿಗ್ಗೆ ಎಲ್ಲರನ್ನೂ ಕೋಣೆಯಲ್ಲಿ ಕೂರಿಸಿ, ಬಟ್ಟೆಯನ್ನು ಮೇಜಿನ ಮೇಲೆ ಹರಡಿದಳು.

“ಶಬ್ದ ಮಾಡೋ ವಸ್ತು ಕದಿಯೋರಿಗೆ ಅದರ ಬಾಯಿ ಕಟ್ಟಿದ್ರೆ ಅನುಕೂಲ ಅಲ್ವಾ? ಆಶ್ರಮದ ತುಂಬ ಜನ, ಹೊರಗೆ ವ್ಯಾನಿನವನು. ಅಲ್ಲಿ ಆಯಾ ಈ ಬಟ್ಟೆ ಬಿಚ್ತಾಳಾ? ಬಿಚ್ಚಿ, ಮಡಿಸಿ, ಚೀಲದೊಳಗಿಟ್ಟು, ಮತ್ತೆ ದಾರ ಕಟ್ತಾಳಾ? ಗಂಟೆ ಈ ಕೋಣೆಗೆ ಬಂದಿದೆ. ಬಿಚ್ಚಿದ್ದು ಇಲ್ಲೇ—ಪುರುಸೊತ್ತಾಗಿ.”

ಅಂಗಡಿಯವರು ಕುರ್ಚಿ ಹಿಂದೆ ಸರಿಸಿದರು. “ಹಾಗಾದ್ರೆ ನಾನು ಅಂತೀರಾ?”

“ನೀವಾಗಿದ್ರೆ ಚೀಲ ಸಮೇತ ಹೋಗಿರೋದು. ಮಾರೋರಿಗೆ ಈ ಬಟ್ಟೆ ಅಡ್ಡಿ ಇಲ್ಲ. ಬಾರಿಸೋರಿಗೆ ಮಾತ್ರ ಅಡ್ಡಿ.” ಅಕ್ಕನ ದನಿ ತಗ್ಗಿತು. “ಪೆಟ್ಟಿಗೆಯ ಬಟ್ಟೆ ಪೆಟ್ಟಿಗೇಲೇ ಇರ್ಬೇಕು ಅನ್ನೋದು ನಿಮ್ಮ ಸಂಘದೋರ ಅಭ್ಯಾಸ. ವಾಪಸ್ ತಂದಾಗ ಮತ್ತೆ ಸುತ್ತೋಕೆ ಬೇಕು ಅಂತ ಜೋಪಾನ ಮಾಡಿದಾರೆ. ಅದು ಕಳ್ಳರ ಬುದ್ಧಿಯಲ್ಲ. ಆವತ್ತು ಗಂಟೆ ಕೇಳಿ ಎದ್ದು ನಿಂತವರು ನಿಮ್ಮ ಮನೆಯವರು. ಅಲ್ವಾ ಮೇಷ್ಟ್ರೇ?”

ಮೇಷ್ಟ್ರು ಕೈಚೀಲದಿಂದ ಟವೆಲಿನಲ್ಲಿ ಸುತ್ತಿದ್ದ ಗಂಟೆ ತೆಗೆದು ಮೇಜಿನ ಮೇಲಿಟ್ಟರು.

“ಅವಳು ನಕ್ಕಳಲ್ಲ,” ಎಂದರು. “ಇನ್ನೊಂದು ಸಲ ಬಾರಿಸಿದ್ರೆ ನನ್ನ ಗುರುತು ಸಿಗುತ್ತೇನೋ ಅಂದ್ಕೊಂಡೆ. ಬುಧವಾರ ರಾತ್ರೀನೇ ಇಲ್ಲಿಗೆ ಬಂದು ತಗೊಂಡು ಹೋದೆ. ಗುರುವಾರ ಸಂಜೆ ಕಾರಲ್ಲಿ ಸುತ್ತಾಡಿಸೋಕೆ ಕರ್ಕೊಂಡು ಹೋದೆ. ಗಾಜು ಏರಿಸಿ ಬಾರಿಸಿದೆ. ಕಿವಿ ಮುಚ್ಕೊಂಡು ಅತ್ತಳು. ಯಾರಪ್ಪಾ ನೀನು, ನನ್ನ ಬಿಡು ಅಂದಳು.”

“ಆಯಾನ ಹೆಸರು ಬಂದಾಗ ಯಾಕೆ ಸುಮ್ಮನಿದ್ರಿ?” ಎಂದೆ ನಾನು.

“ಸಂಜೆ ಕಳೆದ ಮೇಲೆ ತಂದಿಟ್ಟು, ಮೂಲೇಲಿ ಸಿಕ್ತು ಅನ್ನೋಣ ಅಂತಿದ್ದೆ. ಅಷ್ಟರಲ್ಲಿ ಅವಳನ್ನ ಕಳಿಸಿಬಿಟ್ಟಿದ್ರು. ಆಮೇಲೆ ಬಾಯೇ ಬರ್ಲಿಲ್ಲ.”

ನನಗೆ ಸಿಟ್ಟು ಬಂತು. ಅಷ್ಟೇ ಅಯ್ಯೋ ಎಂದೂ ಅನಿಸಿತು. ಎರಡರಲ್ಲಿ ಯಾವುದನ್ನು ಮುಖದ ಮೇಲೆ ತೋರಿಸಬೇಕೋ ತಿಳಿಯಲಿಲ್ಲ. ಅಕ್ಕನಿಗೆ ಆ ತಾಪತ್ರಯವಿರಲಿಲ್ಲ. ಅಂಗಡಿಯವರ ಕೈಗೆ ಫೋನು ಕೊಟ್ಟು, ದೂರು ಹೇಳಿದ ಬಾಯಲ್ಲೇ ಆಶ್ರಮಕ್ಕೆ ತಪ್ಪಾಯಿತೆಂದು ಹೇಳಿಸಿದಳು. ಆಮೇಲೆ ಮೇಷ್ಟ್ರನ್ನು ಎಬ್ಬಿಸಿ ಕಾರು ಹತ್ತಿಸಿದಳು.

ಆಯಾಳ ಮನೆ ಸೈಕಲ್ ರಿಪೇರಿ ಅಂಗಡಿಯ ಮಹಡಿ ಮೇಲೆ. ಅವಳು ಬಟ್ಟೆ ಹಿಂಡುತ್ತಿದ್ದಳು. ನಮ್ಮನ್ನು ಕೂರಿ ಎನ್ನಲಿಲ್ಲ. ಮೇಷ್ಟ್ರು ಬಾಗಿಲಲ್ಲೇ ನಿಂತು ಒಂದೂ ಬಿಡದೆ ಹೇಳಿದರು, ಕಾರಿನ ವಿಷಯವನ್ನೂ. ಕೈಯಲ್ಲಿದ್ದ ಬಟ್ಟೆಯಿಂದ ನೀರು ಅವಳ ಕಾಲ ಮೇಲೆ ಇಳಿಯುತ್ತಿತ್ತು.

“ಈಗ ಟೀಚರಮ್ಮಂಗೆ ಊಟ ಮಾಡಿಸ್ತಿರೋದು ಯಾರು?” ಎಂದಳು ಕೊನೆಗೆ.

ಹೊಸಬಳೊಬ್ಬಳು ಬರುತ್ತಾಳೆಂದೂ, ಟೀಚರಮ್ಮ ಅವಳ ಕೈಯಿಂದ ಬಾಯಿಗೆ ಏನೂ ಹಾಕಿಸಿಕೊಳ್ಳುತ್ತಿಲ್ಲವೆಂದೂ ಮೇಷ್ಟ್ರು ಹೇಳಿದರು.

“ಗುರುವಾರದಿಂದ?”

“ಗುರುವಾರದಿಂದ.”

ಆಯಾ ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟಳು. ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿ, ನಮ್ಮನ್ನು ದಾಟಿ ಮೆಟ್ಟಿಲ ತನಕ ಹೋದವಳು ತಿರುಗಿ ನಿಂತಳು.

“ನಿಮ್ಮನ್ನ ಬೈಯೋದು ಬಾಕಿ ಇದೆ ಮೇಷ್ಟ್ರೇ. ನಾನು ಮರೆಯೋಳಲ್ಲ,” ಎಂದಳು. “ಮೊದಲು ಅವರ ಊಟ ಆಗ್ಲಿ. ಕಾರು ತೆಗೀರಿ.”